ಆರು ಇಂಚಿಗೆ ಕಾಲು ಇಂಚು ಕಮ್ಮಿ

ಹೆಂಡತಿ: ತಂದಿದ್ದು ನಾನಲ್ಲ, ಇವರು.

ಅಡುಗೆಯವ: ಬ್ಯಾಗು ಯಾರ ಹೆಗಲ ಮೇಲಿತ್ತು ಅಂತ ಕೇಳಿ ಸ್ವಾಮಿ.

ಹೆಂಡತಿ: ಬ್ಯಾಗು ನನ್ನ ಹೆಗಲ ಮೇಲಿತ್ತು, ಚಾಕು ಬ್ಯಾಗಲ್ಲಿತ್ತು. ಅದನ್ನ ಬ್ಯಾಗಿಗೆ ಹಾಕಿದ್ದು ಯಾರು ಅಂತಲೂ ಕೇಳಿ.

ಅಡುಗೆಯವ: ಹಾಕಿದ್ದು ಮನೆ ಒಳಗೆ. ಮನೆ ಒಳಗೆ ಹಾಕೋದು ತಪ್ಪಲ್ಲ. ಬೀದೀಲಿ ಹೊತ್ತಿದ್ದು ತಪ್ಪು.

ಹೆಂಡತಿ: ನೋಡಿದ್ರಾ? ಮದುವೆ ದಿನ ಕೊನೇ ತನಕ ಜೊತೆಗಿರ್ತೀನಿ ಅಂದ ಮನುಷ್ಯ ಇದು.

ಗುಮಾಸ್ತ: ಇಬ್ಬರೂ ಒಂದು ನಿಮಿಷ ಸುಮ್ನಿರಿ. ಒಬ್ಬರ ಮೇಲೆ ಕೇಸು ಬರೆಯೋಕೇ ನನ್ನ ಹತ್ರ ಫಾರಂ ಇಲ್ಲ, ಇನ್ನು ಇಬ್ಬರ ಮೇಲೆ ಎಲ್ಲಿಂದ ಬರೀಲಿ?

ಇದು ಪರವಾನಗಿ ಕಚೇರಿಯ ಎರಡನೇ ಕಿಟಕಿ. ಊರಿಗೆ ಹೊಸ ನಿಯಮ ಬಂದು ಹದಿನೈದು ದಿನವಾಗಿದೆ. ಆರು ಇಂಚಿಗಿಂತ ಉದ್ದದ ಅಲಗನ್ನು ಪರವಾನಗಿಯಿಲ್ಲದೆ ಬೀದಿಯಲ್ಲಿ ಒಯ್ಯುವಂತಿಲ್ಲ. ಪರವಾನಗಿ ಬೇಕೆಂದರೆ ಅಲಗನ್ನು ಈ ಕಚೇರಿಗೆ ತಂದು ಅಳತೆ ಮಾಡಿಸಬೇಕು. ಕಚೇರಿಗೆ ಬರಲು ಬೀದಿ ಬಿಟ್ಟರೆ ಬೇರೆ ದಾರಿಯಿಲ್ಲ. ನಿಯಮ ಬರೆದವರು ಬಹುಶಃ ಕಚೇರಿಯಲ್ಲೇ ಹುಟ್ಟಿ ಕಚೇರಿಯಲ್ಲೇ ಬೆಳೆದವರು, ಅವರಿಗೆ ಬೀದಿಯ ಅಗತ್ಯ ಬಂದಿರಲಿಕ್ಕಿಲ್ಲ.

ಅಡುಗೆಯವನದು ಒಂದೇ ಹೋಟೆಲಿನಲ್ಲಿ ಮೂವತ್ತು ವರ್ಷದ ಕೆಲಸ. ಆರು ತಿಂಗಳ ಹಿಂದೆ ಹೋಟೆಲು ಮುಚ್ಚಿತು. ಅಂದಿನಿಂದ ಆತ ಮನೆಯಲ್ಲಿದ್ದಾನೆ, ಅದೂ ಹೆಂಡತಿಯ ಅಡುಗೆಮನೆಯಲ್ಲಿ. ಇಂದು ಹನ್ನೆರಡು ಗಂಟೆಗೆ ದೊಡ್ಡಾಸ್ಪತ್ರೆಯ ಅಡುಗೆಮನೆಯಲ್ಲಿ ಮುಖ್ಯ ಅಡುಗೆಯವನ ಕೆಲಸಕ್ಕೆ ಪರೀಕ್ಷೆ. ಸ್ವಂತ ಚಾಕು ತರಬೇಕೆಂದು ಆಸ್ಪತ್ರೆಯ ಪತ್ರ ಹೇಳುತ್ತದೆ. ಈ ಕಚೇರಿಯ ಕಾಗದವಿಲ್ಲದೆ ಚಾಕು ಒಳಗೆ ಬಿಡುವುದಿಲ್ಲವೆಂದು ಆಸ್ಪತ್ರೆಯ ಗೇಟಿನ ಕಾವಲುಗಾರ ಹೇಳುತ್ತಾನೆ. ಈಗ ಗಂಟೆ ಹನ್ನೊಂದಾಗುತ್ತ ಬಂದಿದೆ.

ಗುಮಾಸ್ತ: ಯಜಮಾನ್ರೆ, ನಿಯಮ ಓದಿದ್ರೆ ನೀವು ಮೊದಲು ಚಾಕು ಮನೇಲಿಟ್ಟು ಬರಬೇಕಿತ್ತು.

ಅಡುಗೆಯವ: ಚಾಕು ಮನೇಲಿದ್ರೆ ಅಳೆಯೋದು ಹೇಗೆ?

ಗುಮಾಸ್ತ: ಅದಕ್ಕೆ ತರಬೇಕು.

ಅಡುಗೆಯವ: ತಂದ್ರೆ?

ಗುಮಾಸ್ತ: ತಪ್ಪು.

ಹೆಂಡತಿ: ಹಾಗಾದ್ರೆ ನೀವೇ ಮನೆಗೆ ಬಂದು ಅಳೀರಿ.

ಗುಮಾಸ್ತ: ನಾನು ಕುರ್ಚಿ ಬಿಟ್ಟು ಎದ್ರೆ ಅದು ಕರ್ತವ್ಯಲೋಪ ಕಣಮ್ಮ.

ಅಷ್ಟರಲ್ಲಿ ಮುದುಕರೊಬ್ಬರು ಎರಡು ನಳಿಗೆಯ ಬಂದೂಕನ್ನು ಹೆಗಲಿಗೇರಿಸಿಕೊಂಡು ಒಳಗೆ ಬಂದರು. ಮೊದಲನೇ ಕಿಟಕಿಯಲ್ಲಿ ಪುಸ್ತಕ ಕೊಟ್ಟರು, ಮುದ್ರೆ ಒತ್ತಿಸಿಕೊಂಡರು, ಎಲ್ಲರಿಗೂ ನಮಸ್ಕಾರ ಹೇಳಿ ಹೊರಟುಹೋದರು. ಎಲ್ಲ ಸೇರಿ ಎರಡು ನಿಮಿಷ ಆಗಿರಬಹುದು.

ಅಡುಗೆಯವ: ಅವರು ಬಂದೂಕು ಹಿಡ್ಕೊಂಡು ಬಂದ್ರಲ್ಲ ಸ್ವಾಮಿ.

ಗುಮಾಸ್ತ: ಬಂದೂಕಿನ ನಿಯಮ ಹಳೇದು, ಅದಕ್ಕೆ ಫಾರಂ ಇದೆ. ಚಾಕುವಿನ ಫಾರಂ ಇನ್ನೂ ಅಚ್ಚಾಗಬೇಕು.

ಹೆಂಡತಿ: ರೀ, ನಾಳೆಯಿಂದ ಈರುಳ್ಳಿಗೆ ಗುಂಡು ಹೊಡೆಯೋದು ಕಲೀರಿ. ಕೆಲಸ ಬೇಗ ಆಗುತ್ತೆ.

ಗುಮಾಸ್ತನಿಗೆ ಪಾಪ ಅನ್ನಿಸಿತು. ಆತ ಕೆಟ್ಟವನಲ್ಲ, ಆದರೆ ಎಡಗಡೆಯ ಕಡತದಿಂದ ಬಲಗಡೆಯ ಕಡತಕ್ಕೆ ಹೋಗುವಾಗಲೂ ಮೇಲಿನವರ ಅಪ್ಪಣೆ ನೆನಪಾಗುವ ಜಾತಿಯವನು. ಯಾರು ತಂದರು ಅನ್ನೋದನ್ನ ಸದ್ಯಕ್ಕೆ ಬಿಡೋಣ, ಚಾಕು ತಾನಾಗಿ ಮೇಜಿನ ಮೇಲೆ ಇತ್ತು ಅಂದುಕೊಳ್ಳೋಣ ಎಂದು ಆತನೇ ದಾರಿ ತೋರಿಸಿದ. ಗಂಡಹೆಂಡತಿ ಬೆಳಗಿನಿಂದ ಮೊದಲ ಬಾರಿಗೆ ಒಂದೇ ಮಾತಿಗೆ ತಲೆಯಾಡಿಸಿದರು. ಅಡುಗೆಯವ ಬಟ್ಟೆಯ ನಾಲ್ಕು ಸುತ್ತು ಬಿಚ್ಚಿ ಚಾಕುವನ್ನು ಮೇಜಿನ ಮೇಲಿಟ್ಟ, ತೊಟ್ಟಿಲಲ್ಲಿ ಮಗು ಮಲಗಿಸುವವರಂತೆ.

ಅಡುಗೆಯವ: ಹತ್ತು ಇಂಚು. ನನ್ನ ಗುರುಗಳು ಕೊಟ್ಟಿದ್ದು. ಅಳತೆಯೇನೂ ಬೇಡ, ಹಾಗೇ ಬರ್ಕೊಳ್ಳಿ.

ಗುಮಾಸ್ತ: ಅಳೀದೆ ಬರೆದ್ರೆ ನನ್ನ ಕೆಲಸ ಹೋಗುತ್ತೆ.

ಆತ ಡ್ರಾಯರಿನಿಂದ ಮರದ ಸ್ಕೇಲು ತೆಗೆದು ಅಲಗಿನ ಪಕ್ಕ ಇಟ್ಟ. ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. ನೆಟ್ಟಗೆ ಕೂತ. ಮತ್ತೆ ಬಗ್ಗಿದ.

ಗುಮಾಸ್ತ: ಐದೂಮುಕ್ಕಾಲು.

ಅಡುಗೆಯವ: ಏನು ಐದೂಮುಕ್ಕಾಲು?

ಗುಮಾಸ್ತ: ಇಂಚು.

ಅಡುಗೆಯವ: ಸ್ಕೇಲು ತಿರುವುಮುರುವು ಹಿಡಿದಿದ್ದೀರಿ.

ಹೆಂಡತಿ: ಸ್ಕೇಲನ್ನ ಯಾವ ಕಡೆಯಿಂದ ಹಿಡಿದ್ರೂ ಇಂಚು ಇಂಚೇ ರೀ.

ಮೂರು ಸಲ ಅಳೆದದ್ದಾಯಿತು. ಮೂರನೇ ಸಲ ಅಡುಗೆಯವನೇ ಅಳೆದ, ಉಸಿರು ಬಿಗಿಹಿಡಿದು. ಉಸಿರು ಬಿಗಿಹಿಡಿದದ್ದಕ್ಕೆ ಅಲಗೇನೂ ಬೆಳೆಯಲಿಲ್ಲ. ಹದಿನೈದು ದಿನಕ್ಕೊಮ್ಮೆ ಸಾಣೆ, ಮೂವತ್ತು ವರ್ಷ. ಗುರು ಕೊಟ್ಟ ದಿನ ಹತ್ತು ಇಂಚು ಎಂದು ಕೇಳಿದವನು ಆಮೇಲೆ ಒಮ್ಮೆಯೂ ಅಳೆದು ನೋಡಿರಲಿಲ್ಲ.

ಅಡುಗೆಯವ: ಮಿಕ್ಕಿದ್ದು ಎಲ್ಲಿಗೆ ಹೋಯ್ತು?

ಹೆಂಡತಿ: ಇನ್ನೆಲ್ಲಿ, ನಿಮ್ಮ ಹೋಟೆಲಲ್ಲಿ ಊಟ ಮಾಡಿದವರ ಹೊಟ್ಟೆಗೆ. ಊರಿನ ಜನಕ್ಕೆ ರಕ್ತ ಕಮ್ಮಿ ಅಂತ ಯಾವ ಡಾಕ್ಟರೂ ಹೇಳಲ್ಲ ಬಿಡಿ, ಅಷ್ಟು ಕಬ್ಬಿಣ ತಿನ್ಸಿದ್ದೀರಿ.

ಅಡುಗೆಯವ: ತಮಾಷೆ ಬೇಡ ಕಣೇ.

ಹೆಂಡತಿ: ಸರಿ, ತಮಾಷೆ ಬೇಡ. ಅದರಲ್ಲಿ ಅರ್ಧ ಇಂಚು ನಂದು.

ಅಡುಗೆಯವ: ನಿಂದು ಅಂದ್ರೆ?

ಹೆಂಡತಿ: ಹೋದ ವರ್ಷ ಬಣ್ಣದ ಡಬ್ಬದ ಮುಚ್ಚಳ ಎಬ್ಬಿಸೋಕೆ ಹೋದೆ. ಮೊನೆ ಪಟ್ ಅಂತು. ಸಾಣೆಯವನ ಹತ್ರ ಉಜ್ಜಿಸಿ ಇದ್ದ ಜಾಗದಲ್ಲೇ ಇಟ್ಟೆ.

ಗುಮಾಸ್ತ ಲೆಕ್ಕ ಮಾಡಿ, ಹಾಗಾದರೆ ಮೊದಲು ಆರೂಕಾಲು ಇತ್ತು ಎಂದು ಮೆಲ್ಲಗೆ ತಿಳಿಸಿದ. ಕೇಳಿದವರು ಯಾರೂ ಇರಲಿಲ್ಲ.

ಅಡುಗೆಯವ: ನೀನು ಆ ಡಬ್ಬದ ತಂಟೆಗೆ ಹೋಗದೇ ಇದ್ದಿದ್ರೆ ಇವತ್ತು ಇದು ಆಯುಧ.

ಹೆಂಡತಿ: ನೀವು ಒಳಗೆ.

ಅಡುಗೆಯವ: ನಂಗೆ ಅವತ್ತೇ ಗೊತ್ತಾಗಿತ್ತು. ಹಿಡಿಗೆ ಹಸಿರು ಬಣ್ಣ ಹತ್ತಿತ್ತು.

ಹೆಂಡತಿ: ಮತ್ತೆ ಒಂದು ವರ್ಷ ಬಾಯಿಗೆ ಬೀಗ ಹಾಕ್ಕೊಂಡು ಯಾಕೆ ಕೂತಿದ್ರಿ?

ಅಡುಗೆಯವ: ಕೇಳಿದ್ರೆ, ಕಿಟಕಿಗೆ ಬಣ್ಣ ನೀವ್ಯಾಕೆ ಹೊಡೀಲಿಲ್ಲ ಅಂತ ನೀನು ಕೇಳ್ತಿದ್ದೆ.

ಗುಮಾಸ್ತ ಕೆಮ್ಮಿದ. ಆರು ಇಂಚಿಗೆ ಕಮ್ಮಿಯಾದ್ದರಿಂದ ಪರವಾನಗಿ ಬೇಡವೇ ಬೇಡ, ಯಾರೂ ತಪ್ಪು ಮಾಡಿಲ್ಲ, ಇಬ್ಬರೂ ಸುಖವಾಗಿ ಮನೆಗೆ ಹೋಗಬಹುದು ಎಂದ. ಮನೆ ಎಂಬ ಮಾತು ಕೇಳಿದ್ದೇ ಹೆಂಡತಿ ಕಂಗೆಟ್ಟಳು.

ಹೆಂಡತಿ: ಮನೆಗೆ ಮಾತ್ರ ಬೇಡ ಸ್ವಾಮಿ. ಆರು ತಿಂಗಳಾಯ್ತು. ನಾನು ಬೀನ್ಸ್ ಹೆಚ್ಚಿದ್ರೆ ಎತ್ತಿ ಬೆಳಕಿಗೆ ಹಿಡಿದು ನೋಡ್ತಾರೆ. ಒಂದರ ಪಕ್ಕ ಒಂದು ಇಟ್ಟು ಇದು ಉದ್ದ, ಇದು ಗಿಡ್ಡ ಅಂತಾರೆ. ಈ ಕೆಲಸ ಸಿಗದಿದ್ರೆ ನಾನೇ ಇದೇ ಚಾಕು ತಗೊಂಡು ನಿಮ್ಮ ಕಿಟಕಿಗೆ ಬರ್ತೀನಿ, ಆಗ ಅಳತೆ ಕೇಳ್ಬೇಡಿ. ಗೇಟಿನವನಿಗೆ ಕಾಗದ ಬೇಕು. ಏನಾದ್ರೂ ಬರ್ಕೊಡಿ.

ಗುಮಾಸ್ತನಿಗೂ ಮನೆಯಲ್ಲಿ ನಿವೃತ್ತರಾದ ಅಪ್ಪ ಇದ್ದಾರೆ. ಆತ ಹಾವೂ ಸಾಯದ, ಕೋಲೂ ಮುರಿಯದ ಒಂದು ಉಪಾಯ ಹುಡುಕಿದ. ಪರವಾನಗಿ ಕೊಡಲು ಬರುವುದಿಲ್ಲ, ಆದರೆ ಹಿಂಬರಹ ಕೊಡಬಹುದು. ಬರೆದು ಗಟ್ಟಿಯಾಗಿ ಓದಿದ.

ಗುಮಾಸ್ತ: "ಸದರಿ ಅರ್ಜಿದಾರರು ಹಾಜರುಪಡಿಸಿದ ವಸ್ತುವು ಆಯುಧವಲ್ಲ. ಅದರಿಂದ ಯಾರಿಗೂ ಯಾವುದೇ ರೀತಿಯ ಅಪಾಯ ಸಂಭವಿಸುವ ಸಾಧ್ಯತೆ ಇರುವುದಿಲ್ಲ."

ಅಡುಗೆಯವ: ಬೇಡ.

ಹೆಂಡತಿ: ಏನ್ರೀ ಬೇಡ?

ಅಡುಗೆಯವ: ಇವನ ಚಾಕುವಿನಿಂದ ಯಾರಿಗೂ ಏನೂ ಆಗಲ್ಲ ಅಂತ ಬರೆಸ್ಕೊಂಡು ಅಡುಗೆ ಪರೀಕ್ಷೆಗೆ ಹೋಗ್ಲಾ? ಅದರ ಬದಲು ಚಮಚ ಹಿಡ್ಕೊಂಡು ಹೋಗ್ತೀನಿ. ಹಿಡಿ ಸೇರಿಸಿ ಅಳೀರಿ ಸ್ವಾಮಿ, ಹತ್ತು ಬರುತ್ತೆ.

ಗುಮಾಸ್ತ: ನಿಯಮದಲ್ಲಿ ಹಿಡಿ ಇಲ್ಲ. ಸೇರಿಸಬಹುದಾ ಅಂತ ಮೇಲಿನವರಿಗೆ ಬರೆದು ಕೇಳಬೇಕು. ಮೂರು ವಾರ.

ಅಡುಗೆಯವ: ಮೂರು ವಾರ ಕಾಯ್ತೀನಿ.

ಹೆಂಡತಿ: ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು. ಪರೀಕ್ಷೆ ಇನ್ನೊಂದು ಗಂಟೆಗೆ ಇದೆ, ಗೊತ್ತಾ?

ಗೊತ್ತಿತ್ತು. ಆದರೆ ಅವಮಾನವಾದವನಿಗೆ ಗಡಿಯಾರ ಕಾಣಿಸುವುದಿಲ್ಲ. ಗುಮಾಸ್ತನ ಊಟದ ಡಬ್ಬಿಯ ಪಕ್ಕದಲ್ಲಿ ಒಂದು ಸೌತೆಕಾಯಿ ಇತ್ತು. ತೂಕ ಇಳಿಸಲು ಡಾಕ್ಟರು ಹೇಳಿದ್ದಂತೆ. ಅಡುಗೆಯವ ಕಿಟಕಿಯೊಳಗೆ ಕೈ ಹಾಕಿ ಅದನ್ನು ಎಳೆದುಕೊಂಡ, ಮೇಜಿನ ಮೇಲಿದ್ದ ಕಡತದ ರಟ್ಟಿನ ಮೇಲಿಟ್ಟ. ಚಾಕು ಎತ್ತಿದ್ದು ಕಂಡಿತು, ಇಳಿದದ್ದು ಕಾಣಲಿಲ್ಲ. ಸೌತೆಕಾಯಿ ಇದ್ದ ಹಾಗೇ ಮಲಗಿತ್ತು. ಆಮೇಲೆ ಅದನ್ನು ಬೆರಳಿನಿಂದ ಮೆಲ್ಲಗೆ ತಳ್ಳಿದ. ನೂರು ಬಿಲ್ಲೆಗಳಾಗಿ ಹರಡಿಕೊಂಡಿತು. ಒಂದನ್ನು ಎತ್ತಿ ಹಿಂಬರಹದ ಮೇಲೆ ಹಾಸಿದ.

ಅಡುಗೆಯವ: ಓದಿ.

ಗುಮಾಸ್ತ: "ಆಯುಧವಲ್ಲ."

ಅಡುಗೆಯವ: ಅಕ್ಷರ ಕಾಣಿಸ್ತಾ?

ಗುಮಾಸ್ತ: ಕಾಣಿಸ್ತು. ಇದುವರೆಗೆ ಇಷ್ಟು ಸ್ಪಷ್ಟವಾಗಿ ಕಂಡಿರ್ಲಿಲ್ಲ.

ಆತ ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿದ. ನಿಯಮದ ಪುಸ್ತಕ ತೆರೆದು ಹಾಳೆ ತಿರುವಿದ.

ಗುಮಾಸ್ತ: ಉಪನಿಯಮ ನಾಲ್ಕು. ಉದ್ದ ಎಷ್ಟೇ ಇರಲಿ, ನೋಡಿದವರಿಗೆ ಭಯ ಹುಟ್ಟಿಸುವಷ್ಟು ಹರಿತ ಇದ್ರೆ ಅದು ಆಯುಧವೇ. ಯಜಮಾನ್ರೆ, ನಂಗೆ ಭಯ ಆಯ್ತು. ಹಿಂಬರಹ ಕೊಡೋಕಾಗಲ್ಲ, ಚಾಕು ಇಲ್ಲೇ ಬಿಟ್ಟು ಹೋಗಿ.

ಅಡುಗೆಯವನ ಮುಖ ಅರಳಿತು. ಒಂದು ಕ್ಷಣ ಮಾತ್ರ. ಹೆಂಡತಿಯ ಕಡೆ ತಿರುಗಿದ ಮೇಲೆ ಅದು ಹೇಗೆ ಅರಳಿತೋ ಹಾಗೇ ಮುದುಡಿತು.

ಹೆಂಡತಿ: ಸಮಾಧಾನ ಆಯ್ತಾ? ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಲ್ಲ.

ಅಡುಗೆಯವ: ಆಯುಧ ಅಂತ ಒಪ್ಕೊಂಡ್ರಲ್ಲ ಕಣೇ.

ಹೆಂಡತಿ: ಒಪ್ಕೊಂಡು ಕಿತ್ಕೊಂಡ್ರು. ಈಗ ಪರೀಕ್ಷೇಲಿ ಹಲ್ಲಲ್ಲಿ ಕಚ್ಚಿ ಹೆಚ್ಚಿ.

ಅಡುಗೆಯವ ಬರಿಗೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅಂಗಿಯ ಜೇಬಿಗೆ ಹಾಕಿದ, ಮತ್ತೆ ತೆಗೆದ. ಆರು ತಿಂಗಳಿಂದ ಅಡುಗೆಮನೆಯಲ್ಲಿ ಅವಳ ತಲೆ ತಿನ್ನುತ್ತಿದ್ದವನು ಈಗ ಗೋಡೆಯ ಪಕ್ಕದ ಬೆಂಚಿನಷ್ಟು ಸುಮ್ಮನಾಗಿದ್ದ. ಹೆಂಡತಿಗೆ ಅದನ್ನು ಸಹಿಸಲಾಗಲಿಲ್ಲ. ಬೈಸಿಕೊಳ್ಳುವ ಗಂಡ ಎದುರು ಮಾತಾಡದಿದ್ದರೆ ಬೈಯುವುದರಲ್ಲಿ ಸುಖವಿಲ್ಲ. ಅವಳು ಚಾಕುವನ್ನು ಗುಮಾಸ್ತನ ಕಡೆಗೆ ಸರಿಸಿದಳು.

ಹೆಂಡತಿ: ಸ್ವಾಮಿ, ಇನ್ನೊಂದು ಸೌತೆಕಾಯಿ ಇದೆಯಾ?

ಗುಮಾಸ್ತ: ಇದೆ. ಡಾಕ್ಟ್ರು ಎರಡು ಹೇಳಿದ್ದಾರೆ.

ಹೆಂಡತಿ: ನೀವು ಹೆಚ್ಚಿ.

ಗುಮಾಸ್ತ ಹೆದರುತ್ತ ಚಾಕು ಹಿಡಿದ. ಒತ್ತಿದ. ಸೌತೆಕಾಯಿ ಉರುಳಿ ಮೇಜಿನ ತುದಿಗೆ ಹೋಯಿತು. ಹಿಡಿದು ತಂದು ಮತ್ತೆ ಒತ್ತಿದ. ಒಂದು ತುಂಡು ಹೆಬ್ಬೆರಳಿನಷ್ಟು ದಪ್ಪ, ಇನ್ನೊಂದು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. ಮೂರನೆಯದು ಹಾರಿ ಮೊದಲನೇ ಕಿಟಕಿಯ ಬಂದೂಕಿನ ಪುಸ್ತಕದ ಮೇಲೆ ಬಿತ್ತು.

ಗುಮಾಸ್ತ: ಮೇಜು ಸಮ ಇಲ್ಲ ಕಣಮ್ಮ.

ಹೆಂಡತಿ: ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಭಯ ಆಯ್ತಾ ಈಗ?

ಗುಮಾಸ್ತ: ಇಲ್ಲ. ನಾಚಿಕೆ ಆಯ್ತು.

ಹೆಂಡತಿ: ಅದೇ ಚಾಕು, ಅದೇ ಹರಿತ. ಚಾಕುವಿನಲ್ಲಿ ಏನೂ ಇಲ್ಲ ಸ್ವಾಮಿ. ಇದರಲ್ಲಿ ನಾನೂ ಹೆಚ್ಚಿ ನೋಡಿದ್ದೀನಿ, ನಿಮ್ಮ ಹಾಗೇ ಆಯ್ತು. ಇರೋದೆಲ್ಲ ಇವರ ಕೈಯಲ್ಲಿ. ಇಂಥ ಕೈ ನಾನು ಇನ್ನೊಂದು ನೋಡಿಲ್ಲ.

ಅಡುಗೆಯವ ತಲೆ ಎತ್ತಿದ. ಮೂವತ್ತು ವರ್ಷ ಊರೆಲ್ಲ ಹೊಗಳಿತ್ತು, ಹೋಟೆಲಿನ ಯಜಮಾನರು ಹೊಗಳಿದ್ದರು. ಈ ಬಾಯಿಂದ ಒಂದು ಮಾತೂ ಬಂದಿರಲಿಲ್ಲ. ಆತ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ, ಈರುಳ್ಳಿಯ ನೆಪವೂ ಹತ್ತಿರದಲ್ಲಿರಲಿಲ್ಲ.

ಅಡುಗೆಯವ: ಇನ್ನೊಂದ್ಸಲ ಹೇಳು.

ಹೆಂಡತಿ: ಒಂದೇ ಸಲ. ಬೇಕಾದ್ರೆ ಹಿಂಬರಹದಲ್ಲಿ ಬರೆಸ್ಕೊಳ್ಳಿ.

ಅಡುಗೆಯವ: ಬರೀರಿ ಸ್ವಾಮಿ. ಆಯುಧವಲ್ಲ ಅಂತಲೇ ಬರೀರಿ. ಅಪಾಯ ಇಲ್ಲ ಅಂತಲೂ ಬರೀರಿ.

ಗುಮಾಸ್ತ ಸಹಿ ಹಾಕಿದ, ಮುದ್ರೆ ಒತ್ತಿದ, ಶಾಯಿ ಒಣಗಲೆಂದು ಊದಿದ. ಕಾಗದ ಕೊಡುವಾಗ ಮತ್ತೆ ಅನುಮಾನ ಬಂತು. ಅನುಮಾನ ಬರದಿದ್ದರೆ ಆತ ಗುಮಾಸ್ತನೇ ಅಲ್ಲ.

ಗುಮಾಸ್ತ: ಅಮ್ಮ, ಚಾಕು ನಿರಪರಾಧಿ ಅಂತ ಆಯ್ತು. ಆದ್ರೆ ನಿಮ್ಮ ಮಾತಿನ ಪ್ರಕಾರ ಅಪಾಯ ಇರೋದು ಇವರ ಕೈಯಲ್ಲಿ. ಆ ಕೈ ಹೇಗೆ ಅಳೆದ್ರೂ ಆರು ಇಂಚು ದಾಟುತ್ತೆ. ಅದನ್ನ ಹಾಗೇ ಬೀದೀಲಿ ಬಿಟ್ಟುಕೊಂಡು ಹೋಗೋದು ಸರಿಯಾ?

ಹೆಂಡತಿ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿ, ಬ್ಯಾಗನ್ನು ಹೆಗಲಿಗೇರಿಸಿ, ಗಂಡನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು.

ಹೆಂಡತಿ: ಬಿಟ್ರೆ ತಾನೇ ಸ್ವಾಮಿ? ಆಸ್ಪತ್ರೆ ಗೇಟಿನ ತನಕ ನಾನು ಬಿಡಲ್ಲ. ಅಲ್ಲಿಂದ ಮುಂದೆ ತರಕಾರಿಗಳ ಹಣೆಬರಹ.