ಚಿಂತಾಮಣಿಗೆ ಒಂದು ಕ್ಲಿಕ್ಕು

ಶ್ರೀಕಾರ ಹಾಕದೆ ದಕ್ಷಿಣಾಮೂರ್ತಿಯವರು ಯಾವ ಬರವಣಿಗೆಯನ್ನೂ ಶುರು ಮಾಡಿದವರಲ್ಲ. ರಜೆ ಅರ್ಜಿಯಿರಲಿ, ದಿನಸಿ ಚೀಟಿಯಿರಲಿ, ನೆತ್ತಿಯ ಮೇಲೆ ನಡುಮಧ್ಯೆ ಒಂದು ‘ಶ್ರೀ’ ಬರೆದು, ಕೆಳಗಿನ ಸಾಲಿಗೆ ಇಳಿದ ಮೇಲೆಯೇ ವಿಷಯ. ಒಮ್ಮೆ ಡಾಕ್ಟರು ಬರೆದುಕೊಟ್ಟ ಔಷಧಿ ಚೀಟಿ ಬೋಳಾಗಿದ್ದುದನ್ನು ಕಂಡು, ತಾವೇ ಶ್ರೀಕಾರ ಹಾಕಿ ಅಂಗಡಿಗೆ ಕೊಟ್ಟಿದ್ದರು.

ಅವರು ನಗರಗೆರೆಯ ಹೈಸ್ಕೂಲಿನಲ್ಲಿ ಗುಮಾಸ್ತರು. ಮನೆ ಚಿಂತಾಮಣಿಯಲ್ಲಿ. ಚಿಂತಾಮಣಿಯಿಂದ ಚಿಕ್ಕಬಳ್ಳಾಪುರ, ಅಲ್ಲಿಂದ ಗೌರಿಬಿದನೂರು, ಅಲ್ಲಿಂದ ನಗರಗೆರೆ, ಹೀಗೆ ದಿನಾ ಹೋಗುವಾಗ ಮೂರು ಬಸ್ಸು, ಬರುವಾಗ ಮೂರು ಬಸ್ಸು ಹತ್ತಿಳಿದು ಹನ್ನೊಂದು ವರ್ಷವಾಗಿತ್ತು. ನಗರಗೆರೆ ಬಸ್ಸಿನ ಕಂಡಕ್ಟರ್ ಆವುಲಪ್ಪ ಇವರ ಮಗಳ ನಾಮಕರಣಕ್ಕೂ ಬಂದು ಊಟ ಮಾಡಿ ಹೋಗಿದ್ದ.

ಈ ವರ್ಷ ಶಾಲೆಯ ಆಡಳಿತ ಮಂಡಳಿಗೆ ಕರುಣೆ ಬಂದಿತ್ತು. ತನ್ನ ಶಾಲೆಗಳಿರುವ ಊರುಗಳಲ್ಲಿ ಗುಮಾಸ್ತರು ತಮಗೆ ಬೇಕಾದದ್ದನ್ನು ಆರಿಸಿಕೊಳ್ಳಬಹುದು ಎಂದು ಶಾಲೆಯ ವಿಳಾಸಕ್ಕೆ ಮೇಲ್ ಕಳಿಸಿತ್ತು. ಅದರಲ್ಲಿ ಒಂದು ಲಿಂಕು. ಶಾಲೆಯ ಕಂಪ್ಯೂಟರಿನಿಂದಲೇ ಒತ್ತಬೇಕು, ಇವತ್ತು ಸಂಜೆ ನಾಲ್ಕರೊಳಗೆ ಒತ್ತಬೇಕು, ಆಯ್ಕೆಗೆ ಒಂದೇ ಅವಕಾಶ. ಚಿಂತಾಮಣಿಯ ಜಾಗ ಖಾಲಿಯಿತ್ತು, ಬೇರೆ ಯಾರೂ ಕೇಳಿರಲಿಲ್ಲ. ದಕ್ಷಿಣಾಮೂರ್ತಿಯವರು ಬೆಳಿಗ್ಗೆಯೇ ಆವುಲಪ್ಪನ ಕೈಗೆ ನಾಲ್ಕು ಲಾಡು ಇಟ್ಟು, “ಸೋಮವಾರದಿಂದ ಬರಲ್ಲಪ್ಪ” ಎಂದು ಕಣ್ಣೊರೆಸಿಕೊಂಡಿದ್ದರು.

ಶಾಲೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲಿಗೆ ಇದ್ದದ್ದು ಲಿನಕ್ಸ್. ಗಣಿತದ ಕವಿತ ಮೇಡಂ ಅದನ್ನು ಹಾಕಿದವರು. “ಇದರಲ್ಲಿ ಗುಟ್ಟೇ ಇಲ್ಲ ಸಾರ್. ಯಾವ ಕೆಲಸ ಯಾರು ಮಾಡ್ಬೇಕು ಅಂತ ಎಲ್ಲಾ ಸಾದಾ ಅಕ್ಷರದಲ್ಲಿ ಫೈಲಲ್ಲಿ ಬರೆದಿರುತ್ತೆ. ನೀವೂ ಓದ್ಬೋದು” ಎಂದು ಅವರು ಹೇಳಿಕೊಟ್ಟಂದಿನಿಂದ ದಕ್ಷಿಣಾಮೂರ್ತಿಯವರಿಗೆ ಆ ಯಂತ್ರವೆಂದರೆ ಬೆರಗೋ ಬೆರಗು. ಕಬ್ಬಿಣದ ಪೆಟ್ಟಿಗೆಯೊಂದು ಬರೆದದ್ದನ್ನು ಓದಿಕೊಂಡು, ಬರೆದಂತೆಯೇ ನಡೆಯುತ್ತದಲ್ಲ! ಅವತ್ತು ಬೆಳಿಗ್ಗೆ, ಲಿಂಕುಗಳನ್ನು ಯಾವ ಬ್ರೌಸರು ತೆರೆಯಬೇಕೆಂದು ಬರೆದಿದ್ದ ಫೈಲನ್ನೂ ಭಯಭಕ್ತಿಯಿಂದ ತೆರೆದು ನೋಡಿ, ಜೋಪಾನವಾಗಿ ಮುಚ್ಚಿದ್ದರು.

ಹನ್ನೊಂದು ಗಂಟೆಗೆ ಮೇಲ್ ತೆರೆದು, ಕೈಮುಗಿದು, ಲಿಂಕು ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಬ್ರೌಸರನ್ನು ಬೇರೆಯಾಗಿ ತೆರೆದರೆ ಚೆನ್ನಾಗಿಯೇ ತೆರೆಯುತ್ತಿತ್ತು, ಮೇಲ್‌ನಿಂದ ಕರೆದರೆ ಮಾತ್ರ ಮುನಿಸಿಕೊಂಡ ಅಳಿಯನಂತೆ ಓಗೊಡುತ್ತಿರಲಿಲ್ಲ.

ಕವಿತ ಮೇಡಂ ಹತ್ತನೇ ತರಗತಿಯ ಪರೀಕ್ಷೆ ಕೋಣೆಯಲ್ಲಿದ್ದರು. ಮೂರೂವರೆಯವರೆಗೆ ಅವರನ್ನು ಕರೆಯುವಂತಿಲ್ಲ ಎಂದು ಹೆಡ್‌ಮಾಸ್ಟರ್ ವೆಂಕಟರವಣಪ್ಪನವರು ಕಟ್ಟಪ್ಪಣೆ ಮಾಡಿದ್ದರು. ಅವರೇ ಬಂದು ಕೋಣೆಯನ್ನು ಸುತ್ತಲೂ ನೋಡಿದರು.

“ಮೇಜು ದಕ್ಷಿಣಕ್ಕೆ ಮುಖ ಮಾಡಿದೆ ಕಣ್ರೀ. ಹೆಂಗೆ ಕೆಲಸ ಆಗುತ್ತೆ? ತಿರುಗಿಸ್ರಿ ಪೂರ್ವಕ್ಕೆ.”

ತಿರುಗಿಸಿದರು. ವೈರು ಕಿತ್ತುಬಂದು ಕಂಪ್ಯೂಟರು ಆರಿಹೋಯಿತು. ಮತ್ತೆ ಎಚ್ಚರವಾಗುವ ಹೊತ್ತಿಗೆ ಹನ್ನೆರಡೂವರೆ. ಲಿಂಕು ಪೂರ್ವಾಭಿಮುಖವಾಗಿಯೂ ತೆರೆಯಲಿಲ್ಲ.

ಆಮೇಲೆ ಬಂದವರು ಡ್ರಿಲ್ ಮಾಸ್ಟರ್ ಮುರಳಿಮೋಹನ್. “ಒತ್ತೋದ್ರಲ್ಲಿ ದಮ್ಮಿಲ್ಲ ಸಾರ್, ಬಿಡಿ” ಎಂದು ಮೌಸನ್ನು ಅದುಮಿದ ರಭಸಕ್ಕೆ ಅದರ ಎಡಗಿವಿ ಒಳಕ್ಕೆ ಹೋಗಿ ಕೂತಿತು. ಅಡುಗೆಯ ಓಬಳಮ್ಮ ಈಳಿಗೆಮಣೆಯ ಪಕ್ಕದಿಂದ ಚಾಕು ತಂದು ಅದನ್ನು ಮೇಲೆಬ್ಬಿಸಿದಳು.

“ಲಿಂಕನ್ನ ನೋಡ್ಕೊಂಡು ಬ್ರೌಸರಲ್ಲಿ ಟೈಪ್ ಮಾಡ್ಬಿಡಣ” ಎಂದರು ಮುರಳಿಮೋಹನ್. ಲಿಂಕು ಎರಡೂವರೆ ಸಾಲು ಉದ್ದವಿತ್ತು. ಅವರು ಆಟದ ಮೈದಾನದ ದನಿಯಲ್ಲಿ ಒಂದೊಂದೇ ಅಕ್ಷರ ಕೂಗಿದರು, ದಕ್ಷಿಣಾಮೂರ್ತಿಯವರು ಒಂದೊಂದೇ ಕೀಲಿ ಒತ್ತಿದರು.

“ಅದು ಸೊನ್ನೇನಾ, ಓ ನಾ?”

“ರೌಂಡಾಗಿದೆ ಸಾರ್, ಯಾವ್ದಾದ್ರೂ ಹಾಕಿ.”

‘ಪುಟ ಸಿಗಲಿಲ್ಲ’ ಎಂದಿತು ಬ್ರೌಸರು. ಆರು ಸಲ ಕೂಗಿದರು, ಆರು ಸಲವೂ ಪುಟ ಸಿಗಲಿಲ್ಲ. ಪರೀಕ್ಷೆ ಬರೆಯುತ್ತಿದ್ದ ಮಕ್ಕಳು ಇದೂ ಪ್ರಶ್ನೆಯೇ ಇರಬೇಕೆಂದು ಇಂಗ್ಲಿಷ್ ಅಕ್ಷರಗಳನ್ನು ಬರೆದುಕೊಂಡರಂತೆ.

ಮೂರಕ್ಕೆ ಹೆಂಡತಿ ಪ್ರಿಯಂವದಾ ಫೋನು. “ಆಯ್ತೇನ್ರೀ? ಅಮ್ಮಂಗೆ ಹೇಳ್ಬಿಟ್ಟೆ, ಇನ್ಮೇಲೆ ಮಧ್ಯಾಹ್ನ ಮನೇಲೇ ಊಟ ಅಂತ.” ದಕ್ಷಿಣಾಮೂರ್ತಿಯವರು ಮತ್ತೊಮ್ಮೆ ಲಿಂಕು ಒತ್ತಿ ನೋಡಿದರು. ಹನ್ನೊಂದು ವರ್ಷದಿಂದ ಕೆಲಸದ ದಿನ ಮನೆಯಲ್ಲಿ ಬಿಸಿ ಅನ್ನ ಉಂಡವರಲ್ಲ ಅವರು.

ಮೂರು ಮೂವತ್ತೈದಕ್ಕೆ ಉತ್ತರಪತ್ರಿಕೆಗಳ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಕವಿತ ಮೇಡಂ ಬಂದರು. ಕತೆಯೆಲ್ಲ ಕೇಳಿದರು.

“ಲಿಂಕನ್ನ ಕಾಪಿ ಮಾಡಿ ಅಂಟಿಸಿದ್ರೆ ಆಗೋದಲ್ಲ ಸಾರ್.”

ಎಲ್ಲರೂ ಮುರಳಿಮೋಹನರ ಕಡೆ ನೋಡಿದರು. ಅವರು ಸೀಟಿ ಒರೆಸತೊಡಗಿದರು.

“ಇರ್ಲಿ, ನಾಳೆ ಮತ್ತೆ ಇದೇ ಗೋಳಾಗುತ್ತೆ. ಹೊತ್ತಿದೆ, ಬೇರಿಗೇ ಕೈ ಹಾಕಣ” ಎಂದು ಮೇಡಂ ಕರೀ ಪರದೆಯೊಂದನ್ನು ತೆರೆದು, ಮೌಸು ಮುಟ್ಟದೆ, ಬರೀ ಅಕ್ಷರಗಳಲ್ಲಿ ಯಂತ್ರದೊಡನೆ ಮಾತಿಗಿಳಿದರು. ಅವರೊಂದು ಸಾಲು ಕೇಳಿದರೆ ಅದು ಹತ್ತು ಸಾಲು ಉತ್ತರ ಕೊಡುತ್ತಿತ್ತು. ಹೆಡ್‌ಮಾಸ್ಟರು ತಮಗೆ ಗೊತ್ತಿಲ್ಲದೆಯೇ ಚಪ್ಪಲಿ ಬಿಟ್ಟು ನಿಂತಿದ್ದರು.

“ದೇವುಡಾ! ಅದು ಮಾತಾಡ್ತಾ ಐತಲ್ಲ ಸಾಮಿ” ಎಂದು ಓಬಳಮ್ಮ ಕೆನ್ನೆ ಬಡಿದುಕೊಂಡಳು.

ಮೇಡಂ ಥಟ್ಟನೆ ನಿಲ್ಲಿಸಿದರು. ಪರದೆಯ ಮೇಲೆ ಬ್ರೌಸರಿನ ಹೆಸರು ಬರೆದಿದ್ದ ಆ ಫೈಲು ತೆರೆದಿತ್ತು. ಇಂಗ್ಲಿಷ್ ಅಕ್ಷರಗಳ ಸಾಲು ಸಾಲು, ಎಲ್ಲದರ ಮೇಲೆ, ಮೊಟ್ಟಮೊದಲ ಸಾಲಿನಲ್ಲಿ, ದುಂಡಗೆ ಒಂದು ‘ಶ್ರೀ’.

“ಸಾರ್... ಇದು?”

“ಬೋಳಾಗಿತ್ತಮ್ಮ” ಎಂದರು ದಕ್ಷಿಣಾಮೂರ್ತಿಯವರು, ನೆಲ ನೋಡುತ್ತ. “ಇವತ್ತು ಮುಖ್ಯವಾದ ಕೆಲಸ ಇತ್ತಲ್ಲ...”

“ಮೊದಲನೇ ಸಾಲು ಏನಂತ ಅರ್ಥ ಆಗ್ದೆ ಇದು ಮುಂದಕ್ಕೆ ಓದೋದನ್ನೇ ಬಿಟ್ಟಿದೆ ಸಾರ್!”

ಇಷ್ಟು ದೊಡ್ಡ ಯಂತ್ರ ತಾನು ಬರೆದ ಒಂದೇ ಒಂದು ಅಕ್ಷರದ ಮುಂದೆ ಇಡೀ ದಿನ ಕಟ್ಟಿಹಾಕಿದಂತೆ ನಿಂತಿತ್ತೆಂಬುದು ತಿಳಿದಾಗ ದಕ್ಷಿಣಾಮೂರ್ತಿಯವರಿಗೆ ನಾಚಿಕೆಗಿಂತ ರೋಮಾಂಚನವೇ ಹೆಚ್ಚಾಯಿತು. ಮೇಡಂ ಅದನ್ನು ಅಳಿಸುವಾಗ ಮಾತ್ರ ಅವರು ಕಣ್ಣು ಮುಚ್ಚಿಕೊಂಡರು. ಮೇಡಂ ಲಿಂಕು ಒತ್ತಿದರು. ಪುಟ ಹೂವಿನಂತೆ ಅರಳಿತು. ಹೆಡ್‌ಮಾಸ್ಟರು ಚಪ್ಪಾಳೆ ತಟ್ಟಿದರು. ಗಂಟೆ ಮೂರು ಐವತ್ತು.

“ಕೂತ್ಕೊಳಿ ಸಾರ್, ಊರಿನ ಹೆಸರು ಟೈಪ್ ಮಾಡಿ, ಅಷ್ಟೇ” ಎಂದು ಮೇಡಂ ಕುರ್ಚಿ ಬಿಟ್ಟುಕೊಟ್ಟರು.

ಬಿಳಿಯ ಪುಟ, ‘ನಿಮ್ಮ ಆಯ್ಕೆಯ ಊರು’ ಎಂಬ ಮಾತು, ಅದರ ಕೆಳಗೆ ಖಾಲಿ ಚೌಕ. ದಕ್ಷಿಣಾಮೂರ್ತಿಯವರಿಗೆ ಕಣ್ಣು ಮಂಜಾಯಿತು. ಹನ್ನೊಂದು ವರ್ಷದ ಬಸ್ಸು, ಬಿಸಿ ಅನ್ನ, ಪ್ರಿಯಂವದಾ ಎಲ್ಲ ಒಟ್ಟಿಗೆ ನೆನಪಾದವು. ಬೆರಳುಗಳು ತಮ್ಮಷ್ಟಕ್ಕೆ ಕೀಲಿಮಣೆಯ ಮೇಲೆ ಇಳಿದವು. ಎಂದಿನಂತೆ ಮೊದಲು ‘ಶ್ರೀ’ ಬರೆದರು. ಎಂದಿನಂತೆ ಕೆಳಗಿನ ಸಾಲಿಗೆ ಇಳಿಯಲು ಎಂಟರ್ ಒತ್ತಿದರು.

“ಸಾರ್!” ಎಂದು ಕವಿತ ಮೇಡಂ ಕಿರುಚುವಷ್ಟರಲ್ಲಿ ಪುಟ ಬದಲಾಗಿತ್ತು.

‘ನಿಮ್ಮ ಆಯ್ಕೆ: ಶ್ರೀ. ಈ ಹೆಸರಿನ ಊರಿನಲ್ಲಿ ನಮ್ಮ ಶಾಲೆ ಇಲ್ಲ. ಆದ್ದರಿಂದ ನೀವು ನಗರಗೆರೆಯಲ್ಲೇ ಮುಂದುವರಿಯುವಿರಿ. ಧನ್ಯವಾದಗಳು.’

ಹೆಡ್‌ಮಾಸ್ಟರು ಚಪ್ಪಲಿ ಮೆಟ್ಟಿಕೊಂಡರು. ಓಬಳಮ್ಮ ಮೆಲ್ಲಗೆ, “ಈ ಸಲ ಓದ್ಕೊಂತು ನೋಡ್ರಿ” ಎಂದಳು.

ಸಂಜೆಯ ಬಸ್ಸಿನಲ್ಲಿ ಆವುಲಪ್ಪ ಎಂದಿನ ಕಿಟಕಿ ಸೀಟಿನ ಮೇಲೆ ಚೀಲ ಇಟ್ಟು ಕಾದಿರಿಸಿದ್ದ. ದಕ್ಷಿಣಾಮೂರ್ತಿಯವರ ಮುಖ ನೋಡಿದವನೇ ಚೀಲ ತೆಗೆದು, ಟಿಕೆಟ್ ಹರಿಯುತ್ತ ಹೇಳಿದ.

“ಸೋಮವಾರಾನೂ ಇದೇ ಸೀಟಾ ಸಾರ್? ಲಾಡು ಮಾತ್ರ ವಾಪಸ್ ಕೇಳ್ಬೇಡಿ, ಮಕ್ಕಳು ತಿಂದ್ಬಿಟ್ಟವೆ.”