ಮೊಮ್ಮಗಳ ಬಾಣಕ್ಕೆ ಅಜ್ಜಿಯ ತಕರಾರು

ಬನ್ನಿ, ಹೀಗೆ ಹತ್ತಿರ ಕೂತುಕೊಳ್ಳಿ. ಆ ದಪ್ಪ ಕೋಟು ತೆಗೆದಿಡಿ, ಫೋನು ಕವುಚಿ ಹಾಕಿ. ಚಹಾ ಬೇಕಾದರೆ ಈಗಲೇ ಹೇಳಿ, ಮಾತಿನ ನಡುವೆ ನಾನು ಏಳುವವಳಲ್ಲ. ಈ ಹಿಮದ ದೇಶಕ್ಕೆ ಬಂದ ಮೇಲೆ ಸ್ಟ್ರೀಟ್ಸ್‌ವಿಲ್ಲಿನ ನಮ್ಮ ಮನೆಯಲ್ಲಿ ನಗು ಬರುವಂಥದ್ದು ಎಂತಾದರೂ ಒಂದು ಆಗುತ್ತಲೇ ಇರುತ್ತದೆ. ನಾವು ಬೇಕೂಂತ ಮಾಡುವುದಲ್ಲ, ಅದೇ ಬಾಗಿಲು ಹುಡುಕಿಕೊಂಡು ಬರುವುದು. ಆದರೆ ಮೊಮ್ಮಗಳು ಬಾಣದ ಆಟ ಹಿಡಿದ ವರ್ಷ ಆದಷ್ಟು ಮತ್ತೆ ಯಾವತ್ತೂ ಆದದ್ದಿಲ್ಲ.

೧. ಸ್ಟೆಪ್ಸ್ ಸರಿ ಇಲ್ಲ

೨೦೧೭ರ ಚಳಿಗಾಲ. ಮೊಮ್ಮಗಳು ಹೈಸ್ಕೂಲಿನಲ್ಲಿದ್ದಳು. ಒಂದು ಸಾಯಂಕಾಲ ಬೇಸ್‌ಮೆಂಟಿಗೆ ಇಳಿದು ನೋಡಿದರೆ ಮೂಲೆಯಲ್ಲಿ ಕೂತು ಅಳುತ್ತಾ ಇದ್ದಾಳೆ.

"ಯಾರು ಎಂತ ಹೇಳಿದ್ರು ಮಗಾ?"

"ನನ್ನ ಸ್ಟೆಪ್ಸ್ ಬ್ಯಾಡ್ ಅಂತೆ ಅಜ್ಜಿ. ಯಾರಾದ್ರೂ ಬಿದ್ದು ಕಾಲು ಮುರ್ಕೊಳ್ತಾರಂತೆ!"

ಸೀದಾ ಹೋಗಿ ಪಕ್ಕದ ಕೋಣೆಯ ಬಾಗಿಲು ಬಡಿದೆ. ಅಲ್ಲಿ ಬಾಡಿಗೆಗೆ ಇದ್ದದ್ದು ಹುಬ್ಬಳ್ಳಿಯ ಹುಡುಗ. ಕಾಲೇಜಿಗೆ ಹೋಗುವುದು, ಉಳಿದ ಹೊತ್ತು ಕಾಫಿ ಅಂಗಡಿಯಲ್ಲಿ ಶಿಫ್ಟು. ಎದುರಿನ ಹಿಮ ತೆಗೆಯುವ ಕೆಲಸವೂ ಅವನದ್ದೇ.

"ಮಗಾ, ನಮ್ಮ ಸ್ಟೆಪ್ಸ್ ಸರಿ ಇಲ್ಲಾಂತ ಯಾರೋ ಕಂಪ್ಲೇಂಟ್ ಮಾಡಿದ್ದಾರೆ."

"ಅಯ್ಯ! ಯಾರ್ರೀ ಅಜ್ಜಿ? ಮುಂಜಾನೆನ ಸ್ನೋ ತೆಗ್ದೇನಲ್ರೀ!"

ಪಾಪ, ಹೆದರಿ ಓಡಿಹೋಗಿ, ಜಾರದ ಹಾಗೆ ಹಾಕುವ ಉಪ್ಪಿನ ಇಡೀ ಚೀಲವನ್ನೇ ಎದುರಿನ ಮೆಟ್ಟಿಲಿಗೆ ಸುರಿದ. ಓಕ್‌ವಿಲ್ಲಿನ ಆಫೀಸಿನಿಂದ ಬಂದ ನನ್ನ ಮಗಳು ಆ ಉಪ್ಪಿನ ಗುಡ್ಡೆಯಲ್ಲಿ ಕರಕರ ನಡೆದು ಒಳಗೆ ಬಂದವಳೇ ಕೇಳಿದಳು: "ಅಮ್ಮಾ, ಎಂತ ಇದು? ಮೆಟ್ಟಿಲಿನ ಉಪ್ಪಿನಕಾಯಿ ಹಾಕ್ಲಿಕ್ಕೆ ಹೊರಟಿದ್ದೀಯಾ?"

೨. ಬಲಗಾಲು ಮೊದಲು

ಸಂಗತಿ ಎಂತ ಅಂತ ಆಮೇಲೆ ಗೊತ್ತಾಯಿತು. ನೆಲದ ಮೇಲೆ ಒಂದು ಹಲಗೆ, ಅದರಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಬಾಣ. ಟಿವಿಯಲ್ಲಿ ಹಾಡು ಶುರುವಾದ ಕೂಡಲೇ ಕೆಳಗಿನಿಂದ ಬಾಣಗಳು ಏರಿ ಬರುತ್ತವೆ, ಮೇಲೆ ಮುಟ್ಟುವ ಹೊತ್ತಿಗೆ ನಾವು ಹಲಗೆಯಲ್ಲಿ ಅದೇ ಬಾಣ ಮೆಟ್ಟಬೇಕು. ಯಾವ ತಾಳಕ್ಕೆ ಯಾವ ಬಾಣ ಅಂತ ಈ ಆಟದ ಹುಚ್ಚಿನವರೇ ಬರೆಯುತ್ತಾರಂತೆ. ಅದಕ್ಕೆ ಚಾರ್ಟ್ ಅಂತ ಹೆಸರು. ಅದರಲ್ಲಿನ ಹೆಜ್ಜೆಗೇ ಸ್ಟೆಪ್ಸ್ ಅನ್ನುವುದು, ಮನೆಯ ಮೆಟ್ಟಿಲಿಗಲ್ಲ! ಬರೆದದ್ದನ್ನು ಕಂಪ್ಯೂಟರಿನಲ್ಲಿ ಒಂದು ಗುಂಪಿಗೆ ಕಳಿಸುವುದು, ಅವರು ಮೆಟ್ಟಿ ನೋಡಿ ತಪ್ಪು ಹೇಳುವುದು. ಆ ಗುಂಪಿನ ದೊಡ್ಡ ಜನ ಒಶಾವಾ ಅನ್ನುವ ಊರಿನಲ್ಲಿ ಇದ್ದ. ಹೆಸರು ನಮಗೆ ಯಾಕೆ, ನಾವು ಒಶಾವಾದವ ಅಂತಲೇ ಹೇಳುತ್ತಿದ್ದೆವು.

ಒಳ್ಳೆಯ ಚಾರ್ಟುಗಳನ್ನು ಒಟ್ಟು ಮಾಡಿ ಗುಂಪಿನವರು ವರ್ಷಕ್ಕೊಂದು ಕಟ್ಟು ಹೊರಡಿಸುತ್ತಾರೆ. ಅದರಲ್ಲಿ ಸೇರಬೇಕಾದರೆ ಮೂರು ಅವಕಾಶ. ಮೊದಲನೆಯದು ವಾಪಸ್ ಬಂದಾಯಿತು, ಅದಕ್ಕೇ ಆ ಅಳು. ಅವಳಮ್ಮ ಬೇರೆ ಹೇಳಿಬಿಟ್ಟಿದ್ದಳು: "ಮೂರೂ ವಾಪಸ್ ಬಂದ್ರೆ ಆ ಹಲಗೆ ಗಾರ್ಬೇಜಿಗೆ. ನಿನ್ನ ಮಾರ್ಕ್ಸ್ ನೋಡು ಒಮ್ಮೆ!" ಹುಡುಗಿ ಶಾಲೆಯಲ್ಲಿ ಬಾಯಿ ಬಿಡುವವಳಲ್ಲ. ಅವಳಿಗೆ ಸ್ನೇಹಿತರು ಅಂತ ಇದ್ದದ್ದು ಆ ಗುಂಪಿನವರೇ. ಹಲಗೆ ಹೋದರೆ ಅವರೂ ಹೋದ ಹಾಗೆ.

ನಾನು ಚಾರ್ಟ್ ನೋಡಿದೆ. ಮೊದಲನೇ ಬಾಣವೇ ಎಡಕ್ಕೆ!

"ಇದೆಂತ ಮಾರಾಯ್ತಿ? ಒಳ್ಳೆ ಕೆಲಸ ಯಾರಾದ್ರೂ ಎಡಗಾಲಲ್ಲಿ ಶುರು ಮಾಡ್ತಾರಾ? ಹಾಗೆ ಮಾಡಿದ್ರೆ ವಾಪಸ್ ಬಾರದೆ ಇನ್ನೆಂತ ಆಗ್ತದೆ? ಬಲಕ್ಕೆ ಮಾಡು."

"ಅಜ್ಜಿ, ಇಟ್ ಡಸಂಟ್ ವರ್ಕ್ ಲೈಕ್ ದಟ್."

"ನೀನು ಮಾಡು."

ನನ್ನ ಕಾಟ ತಡೆಯದೆ ಅದೊಂದು ಬಾಣ ಬದಲಿಸಿ ಕಳಿಸಿದಳು. ಪರೀಕ್ಷೆ ಅಂತ ಹಲಗೆಗೆ ಕಾಲಿಡಲು ಅವಳಮ್ಮ ಬಿಡದ ವಾರ ಅದು, ಹಾಗಾಗಿ ಮೆಟ್ಟಿ ನೋಡಲಿಲ್ಲ. ಈ ಆಟದಲ್ಲಿ ಒಂದು ಕಾಲಾದ ಮೇಲೆ ಇನ್ನೊಂದು ಬರಬೇಕಂತೆ. ಮೊದಲನೆಯದು ತಿರುಗಿದ್ದಕ್ಕೆ ಇಡೀ ಹಾಡಿನ ಕಾಲೇ ಅದಲುಬದಲು. ಎಡದ ಬಾಣಕ್ಕೆಲ್ಲ ಬಲಗಾಲು, ಬಲದ ಬಾಣಕ್ಕೆಲ್ಲ ಎಡಗಾಲು, ಮೆಟ್ಟುವವನ ಮೈಯೇ ಹಿಂದುಮುಂದು!

ಒಶಾವಾದವ ಬರೆದ: "ಹಾಡು ಶುರುವಾಗುವಾಗ ನಾನು ಟಿವಿ ನೋಡುತ್ತಿದ್ದೆ. ಅಲ್ಲಿಂದ ಮುಗಿಯುವವರೆಗೆ ನನ್ನ ಸೋಫಾ ನೋಡಿದೆ."

೩. ಉದ್ದದ ಟೆಸ್ಟರ್

ಉಳಿದದ್ದು ಒಂದೇ ಅವಕಾಶ. ಇನ್ನು ಮನೆಯಲ್ಲೇ ಮೆಟ್ಟಿ ನೋಡದೆ ಕಳಿಸುವುದಿಲ್ಲ ಅಂತ ಮೊಮ್ಮಗಳು ಹಟ ಹಿಡಿದಳು. ಮೆಟ್ಟುವವರು ಯಾರು? ನನ್ನ ಮಂಡಿ ಕೇಳುವುದಿಲ್ಲ. ಹುಬ್ಬಳ್ಳಿ ಹುಡುಗನನ್ನು ಕರೆದೆವು. ನಾನು ಮೀನು ಹುರಿದು ಕೊಡುತ್ತೇನೆ ಅಂದದ್ದಕ್ಕೆ ಬಂದ, ಮತ್ತೆಂತಕ್ಕೂ ಅಲ್ಲ. ಶಿಫ್ಟು ಮುಗಿಸಿ ಬಂದವನು ಕೆಲಸದ ಟೊಪ್ಪಿ ಕೂಡ ತೆಗೆಯದೆ ಹಲಗೆ ಏರಿದ.

"ಅಲ್ರೀ ಅಜ್ಜಿ, ಇದು ಕುಣಿಯೋದಲ್ರೀ. ಕಾಲಿಗೆ ಎಕ್ಸಾಮ್ ಇಟ್ಟಂಗ ಐತ್ರೀ!"

"ಮಾತಾಡ್ಬೇಡ ಮಗಾ, ಬಾಣ ಹೋಗ್ತಾ ಉಂಟು."

ಎರಡು ಬಾಣ ಒಟ್ಟಿಗೆ ಬಂದರೆ ಎರಡೂ ಕಾಲಲ್ಲಿ ಹಾರಬೇಕು, ಅದಕ್ಕೆ ಜಂಪ್ ಅಂತ ಹೇಳುವುದು. ಹುಡುಗ ತೆಂಗಿನಮರದ ಹಾಗೆ ಉದ್ದ. ಅವನ ತಲೆಯ ಮೇಲೆ ಸರಿಯಾಗಿ, ಮನೆ ಬಿಸಿ ಮಾಡುವ ಫರ್ನೇಸಿನ ತಗಡಿನ ಕೊಳವೆ. ಮೊದಲ ಜಂಪ್ ಬಂತು. ಢಣ್!

ಮೇಲಿನಿಂದ ನನ್ನ ಮಗಳ ಬೊಬ್ಬೆ: "ಎಂತ ಆಯ್ತು? ಫರ್ನೇಸ್ ಒಡೀತಾ?"

"ಇಲ್ರೀ ಅಕ್ಕಾ," ಹುಡುಗ ತಲೆ ಹಿಡಿದುಕೊಂಡೇ ಕೂಗಿದ, "ನನ್ನ ತಲೀರೀ!"

ಅವನು ಢಣ್ ಅಂದಲ್ಲೆಲ್ಲ ಮೊಮ್ಮಗಳು ಜಂಪ್ ತೆಗೆದಳು. ಹೀಗೆ ತೆಗೆದು ತೆಗೆದು ಒಂದೂ ಉಳಿಯಲಿಲ್ಲ. ಕಳಿಸುವ ಮುಂಚೆ ಒಶಾವಾದವನಿಗೆ ಒಂದು ತುಂಡು ತೋರಿಸಿದಳು. ಅವನು ಕೇಳಿದ: "ಇಷ್ಟು ಜೋರಿನ ಹಾಡಿಗೆ ಒಂದು ಜಂಪೂ ಇಲ್ಲ, ಇದು ಯಾವ ಶೈಲಿ?"

ಸುಳ್ಳು ಹೇಳಿ ಗೊತ್ತಿಲ್ಲದ ಹುಡುಗಿ ಉತ್ತರ ಬರೆದಳು: "ಬೇಸ್‌ಮೆಂಟ್ ಶೈಲಿ."

೪. ಸಾರು ತಡವಾಯಿತು

ಆ ಗುಂಪಿನಲ್ಲಿ ಇನ್ನೊಂದು ಕಟ್ಟಳೆ ಇತ್ತು. ನಿಮ್ಮ ಚಾರ್ಟನ್ನು ಬೇರೆಯವರು ನೋಡಬೇಕಾದರೆ ಬೇರೆಯವರ ಒಂದು ಚಾರ್ಟಿಗೆ ನೀವೂ ತಪ್ಪು ಒಪ್ಪು ಹೇಳಬೇಕು. ಮೊಮ್ಮಗಳಿಗೆ ಸಿಕ್ಕಿದ್ದು ಒಶಾವಾದವನದ್ದೇ! ಅವನಿಗೆ ತಪ್ಪು ಹೇಳುವುದಾ? ಹೆದರಿ "ನೈಸ್" ಅಂತ ಒಂದೇ ಶಬ್ದ ಬರೆದಳು.

"ನೈಸ್ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ," ಅಂತ ಅವನ ಉತ್ತರ. "ಭಾನುವಾರದೊಳಗೆ ಸರಿಯಾಗಿ ಬರೆ. ಇಲ್ಲದಿದ್ದರೆ ನಿನ್ನದನ್ನು ನಾವು ನೋಡುವುದಿಲ್ಲ."

"ಅಜ್ಜಿ, ಹೆಲ್ಪ್ ಮೀ."

ನಾನು ಕುರ್ಚಿ ಎಳೆದು ಟಿವಿ ಎದುರು ಕೂತೆ. ಅವನ ಚಾರ್ಟ್ ನೋಡಿದೆ. ಶುರುವಿಗೇ ಬಾಣದ ರಾಶಿ, ನಡುವೆ ಖಾಲಿ, ಹಾಡು ನಿಂತ ಮೇಲೂ ಬಾಣ. ಊರಿನಲ್ಲಿ ಮದುವೆ ಮುಂಜಿಗೆ ಬಡಿಸಿ ಬಡಿಸಿ ಸೊಂಟ ಹೋದವಳು ನಾನು. ನನಗೆ ಬೇರೆ ಎಂತ ಹೋಲಿಕೆ ಬರ್ತದೆ ಹೇಳಿ?

"ಇವನಿಗೆ ಬಡಿಸ್ಲಿಕ್ಕೆ ಗೊತ್ತಿಲ್ಲ ಮಗಾ. ಎಲೆಗೆ ಉಪ್ಪು ಬೀಳುವ ಮುಂಚೆ ಪಾಯಸ ಹಾಕಿದ್ದಾನೆ. ನಡುವಲ್ಲಿ ಅನ್ನಕ್ಕೆ ಕಾದು ಕಾದು ಸಾಕಾಗ್ತದೆ. ಹಾಡು ಮುಗೀತು, ಎಲ್ಲ ಎದ್ದು ಕೈ ತೊಳೆದ ಮೇಲೆ ಓಡಿ ಬಂದು ಸಾರು ಬಡಿಸ್ತಾ ಇದ್ದಾನೆ, ನೋಡು."

ಅವಳು ನಕ್ಕು ನಕ್ಕು ಹಲಗೆ ಮೇಲೆ ಬಿದ್ದಳು. ಅವಳ ನಗು ಕೇಳದೆ ಎಷ್ಟು ದಿನವಾಗಿತ್ತು!

"ನಗ್ಬೇಡ, ನಿನ್ನದೆಂತ ಚಂದ ಉಂಟಾ? ಪಾಯಸ ಬಡಿಸಿದ ಕೂಡ್ಲೇ ಎಲೆ ಎತ್ತಿ ಅಂತೀಯಲ್ಲ, ಮಜ್ಜಿಗೆ ಎಲ್ಲುಂಟು?"

ಎರಡು ದಿನ ಕೂತು ತನ್ನ ಚಾರ್ಟಿನ ಕೊನೆ ತಿದ್ದಿದಳು. ಅವನದಕ್ಕೆ ನಾನು ಹೇಳಿದ್ದನ್ನು ಶಬ್ದಕ್ಕೆ ಶಬ್ದ ಇಂಗ್ಲಿಷಿಗೆ ಮಾಡಿದಳು. ಸಾರಿಗೆ ಇಂಗ್ಲಿಷಿನಲ್ಲಿ ಎಂತ ಅಂತ ಹೊಳೆಯದೆ 'ಸಾರು' ಅಂತಲೇ ಇಟ್ಟು ಬರೆದಳು: "ಸಾರು ಟೂ ಲೇಟ್. ಎಲ್ಲರೂ ಕೈ ತೊಳೆದಾಗಿದೆ."

ಅವನು ಅದನ್ನು 'ಸಾರಿ' ಅಂತ ಓದಿಕೊಂಡ. ಉತ್ತರ ಬಂತು: "ಸಾರಿ ಕೇಳಬೇಕಾಗಿಲ್ಲ, ಲೇಟಾಗಿಲ್ಲ, ಭಾನುವಾರದವರೆಗೆ ಸಮಯ ಇದೆ. ಆದರೆ ಕೈ ಯಾಕೆ ತೊಳೆಯಬೇಕು? ಇದು ಕಾಲಿನ ಆಟ."

೫. ಎಲೆ ಎತ್ತಬೇಡ

ಮೊಮ್ಮಗಳು ಎಲ್ಲ ಬಿಡಿಸಿ ಬರೆದ ಮೇಲೆ ಅವನಿಗೆ ತಲೆಗೆ ಹೋಯಿತು. ತನ್ನ ಚಾರ್ಟ್ ತಿದ್ದಿಕೊಂಡನಂತೆ. ಇವಳ ಮೂರನೆಯದನ್ನು ಒಶಾವಾದಲ್ಲಿ ಗುಂಪಿನವರೆಲ್ಲ ಸೇರುವ ದಿನ ತಾನೇ ಎಲ್ಲರೆದುರು ಮೆಟ್ಟಿ ನೋಡುತ್ತೇನೆ ಅಂದ. ಸೇರಿಸುವುದೋ ವಾಪಸ್ಸೋ ಅಲ್ಲಿಯೇ ತೀರ್ಮಾನ.

ನನ್ನ ಮಗಳೇ ಕಾರು ಬಿಟ್ಟು ನಮ್ಮನ್ನು ಕರೆದುಕೊಂಡು ಹೋದಳು. "ನಾನು ಪಾರ್ಕಿಂಗಲ್ಲೇ ಇರ್ತೇನೆ," ಅಂದವಳು ಚಳಿ ತಡೆಯದೆ ಒಳಗೆ ಬಂದು ಬಾಗಿಲ ಹತ್ತಿರ ಕೈ ಕಟ್ಟಿ ನಿಂತಳು. ಒಶಾವಾದವ ಹೇಗಿರ್ತಾನೋ ಅಂತ ನಾನು ಹೆದರಿದ್ದೆ. ನೋಡಿದರೆ ದುಂಡಗೆ, ಕೆಂಪು ಗಡ್ಡ, ಮಗುವಿನ ಮುಖ. ಕಾಲುಚೀಲದಲ್ಲಿ ಹಲಗೆ ಏರಿದ. ಮೊಮ್ಮಗಳು ನನ್ನ ಸೀರೆ ಸೆರಗು ಮುದ್ದೆ ಮಾಡಿ ಹಿಡಿದುಕೊಂಡಳು.

ಹಾಡು ಶುರು. ಈ ಸಲ ಕಾಲೆಲ್ಲ ಸರಿಯಾಗಿ ಕೂರುತ್ತಾ ಇತ್ತು. ಜನ ತಲೆ ಆಡಿಸಿದರು. ಹಾಡಿನ ಕೊನೆಯಲ್ಲಿ ಡ್ರಮ್ಮೆಲ್ಲ ನಿಂತು ಸಣ್ಣಗೆ ಒಂದು ಕೊಳಲು ಮಾತ್ರ ಉಳಿಯುತ್ತದೆ. ಅಲ್ಲಿ ಮೊದಲು ಒಂದೇ ಒಂದು ಜಂಪ್, ನಮ್ಮ ಹುಬ್ಬಳ್ಳಿ ಟೆಸ್ಟರ್ ಕುತ್ತಿಗೆ ಬಗ್ಗಿಸಿಕೊಂಡು ಹಾರಿ ನೋಡಿದ್ದು. ಆಮೇಲೆ ನಿಧಾನಕ್ಕೆ ನಡೆಯುವ ಹಾಗೆ ನಾಲ್ಕಾರು ಬಾಣ. ಅದೇ ನಾನು ಹೇಳಿದ ಮಜ್ಜಿಗೆ.

ಡ್ರಮ್ ನಿಂತದ್ದೇ ತಡ, ಮಹಾರಾಯ ಮುಗಿಯಿತು ಅಂತ ಒಂದು ಕಾಲು ನೆಲಕ್ಕೆ ಇಳಿಸಿ ಬೆವರು ಒರೆಸಲಿಕ್ಕೆ ಟವೆಲಿಗೆ ಕೈ ಚಾಚಿದ! ಟಿವಿಯಲ್ಲಿ ಎರಡು ಬಾಣ ಜೋಡಿಯಾಗಿ ಏರಿ ಬರ್ತಾ ಉಂಟು. ಮೊಮ್ಮಗಳು ನನ್ನ ಸೆರಗು ಜಗ್ಗಿದಳು. ನನಗೆ ತಡೆಯಲಿಕ್ಕಾಗಲಿಲ್ಲ.

"ಏಯ್! ಎಲೆ ಎತ್ತಬೇಡ ಮಾರಾಯಾ! ಮಜ್ಜಿಗೆ ಬರ್ತಾ ಉಂಟು!"

ಅವನಿಗೆ ಎಂತ ಅರ್ಥವಾದೀತು! ಬೆಚ್ಚಿಬಿದ್ದು ಎರಡೂ ಕಾಲಲ್ಲಿ ಛಂಗನೆ ಹಲಗೆಗೆ ಹಾರಿದ. ಬಾಣ ಮೇಲೆ ಮುಟ್ಟುವುದಕ್ಕೂ ಅವನ ಕಾಲು ಬೀಳುವುದಕ್ಕೂ ಸರಿಹೋಯಿತು! ಟಿವಿ ಝಗಝಗ ಮಿಂಚಿತು. ಉಳಿದ ಬಾಣಗಳನ್ನು ಮೆಲ್ಲಗೆ ನಡೆದು ಮುಗಿಸಿ ಏದುಸಿರು ಬಿಡುತ್ತಾ ಕೇಳಿದ: "ಅವರು ಕೂಗಿದ್ದೇನು?"

ಶಾಲೆಯಲ್ಲಿ ಬಾಯಿ ಬಿಡದ ಹುಡುಗಿ ಅಷ್ಟು ಜನರೆದುರು ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳಿದಳು: "ಎಲೆ ಎತ್ತಬೇಡ, ಮಜ್ಜಿಗೆ ಬರ್ತಾ ಉಂಟು ಅಂತ."

ಸೇರಿದವರೆಲ್ಲ ನಕ್ಕರು. ಅವನು ಮಾತ್ರ ನಗದೆ ಗಡ್ಡ ಕೆರೆದುಕೊಂಡು ಟಿವಿ ನೋಡಿದ. "ಚಾರ್ಟ್ ಸೇರಿತು," ಅಂದ. "ಆದರೆ ಒಂದು ಅನುಮಾನ. ಇದರ ಜೊತೆ ಅಜ್ಜಿಯೂ ಬರುತ್ತಾರಾ? ಇಲ್ಲದಿದ್ದರೆ ಆ ಜಾಗದಲ್ಲಿ ಎಲ್ಲರೂ ಇಳಿದುಬಿಡುತ್ತಾರೆ."

ಈಗ ಯಾರು ಎಲ್ಲಿದ್ದಾರೆ ಅಂತ ನೀವು ಕೇಳುತ್ತೀರಿ, ಹೇಳಿಬಿಡುತ್ತೇನೆ. ಹುಬ್ಬಳ್ಳಿ ಹುಡುಗ ಓದು ಮುಗಿಸಿ ಕೆಲಸ ಹಿಡಿದು ಬೇರೆ ಮನೆ ಮಾಡಿದ. ಬಾಡಿಗೆಗೆ ಮನೆ ನೋಡಲು ಹೋದಾಗ ಅಡಿಗೆಮನೆ ನೋಡಲಿಲ್ಲವಂತೆ, ಮೊದಲು ಸೀಲಿಂಗ್ ನೋಡಿದನಂತೆ. ಒಶಾವಾದವನಿಗೆ ಮದುವೆಯಾಯಿತು. ಹೆಂಡತಿಗೆ ಈ ಆಟದ ಗಾಳಿಯೂ ಇಲ್ಲ, ಅದಕ್ಕೇ ಸುಖವಾಗಿದ್ದಾನೆ. ಮೊಮ್ಮಗಳು ಈ ವರ್ಷ ಯೂನಿವರ್ಸಿಟಿಗೆ ಸೇರಿದಳು, ಈಗ ಅವಳ ಮಾತು ನಿಲ್ಲಿಸಲಿಕ್ಕೆ ಜನ ಬೇಕು. ಡಾಕ್ಟರು ವ್ಯಾಯಾಮ ಮಾಡಿ ಅಂದದ್ದಕ್ಕೆ ನನ್ನ ಮಗಳು ದಿನಾ ಆಫೀಸಿನಿಂದ ಬಂದು ಅದೇ ಹಲಗೆ ಮೇಲೆ ದಡಬಡ ಮಾಡುತ್ತಾಳೆ. "ಅಮ್ಮಾ, ನಂಗೆ ಓದ್ಲಿಕ್ಕುಂಟು, ಸಾಕು ಮಾಡು!" ಅಂತ ಮೊಮ್ಮಗಳು ಮೇಲಿನಿಂದ ಬೊಬ್ಬೆ ಹೊಡೆಯುತ್ತಾಳೆ.

ನಾನಾ? ಎಲ್ಲರಿಗೂ ತಪ್ಪು ಹೇಳಿದ್ದಾಯಿತಲ್ಲ, ಒಂದು ಸರ್ತಿ ಮೆಟ್ಟಿಯೂ ನೋಡುವ ಅಂತ ಮೊನ್ನೆ ಕುರ್ಚಿ ಹಿಡಿದುಕೊಂಡು ಹಲಗೆ ಏರಿದೆ. ಮಕ್ಕಳ ಹಾಡು, ಎಲ್ಲಕ್ಕಿಂತ ಸುಲಭದ್ದು. ಮುಗಿದ ಮೇಲೆ ಟಿವಿಯಲ್ಲಿ ಇಷ್ಟು ದೊಡ್ಡ ಒಂದು ಇಂಗ್ಲಿಷ್ ಅಕ್ಷರ ಬಂತು. "ಎಂತ ಮಗಾ ಅದು?" ಅಂದೆ. "ಎಫ್, ಅಜ್ಜಿ. ಫೇಲ್," ಅಂದಳು. ನೋಡಿ, ಶಾಲೆಯ ಮೆಟ್ಟಿಲೇ ಹತ್ತದೆ ಫೇಲಾದವಳು ನಮ್ಮ ಸಂಸಾರದಲ್ಲಿ ನಾನೊಬ್ಬಳೇ.