ರಾಗಿ ಹಿಟ್ಟಿನ ದಿಂಬು

ರೈಲು ಪ್ರಯಾಣದ ವಿಷಯದಲ್ಲಿ ನನ್ನನ್ನು ಮೀರಿಸುವವರು ಮಧುಗಿರಿ ಪೇಟೆಯಲ್ಲಿ ಯಾರೂ ಇಲ್ಲವೆಂದು ನಾನು ಬಹಳ ದಿನ ನಂಬಿದ್ದೆ. ತುಮಕೂರಿನಿಂದ ಬೆಂಗಳೂರಿಗೆ ಎರಡು ಸಲ ರೈಲಿನಲ್ಲಿ ಹೋಗಿದ್ದೆ. ಎರಡು ಸಲವೂ ವಾಪಸ್ಸು ಬಂದಿದ್ದೆ. ಇದಕ್ಕಿಂತ ದೊಡ್ಡ ಅರ್ಹತೆ ಒಬ್ಬ ಬಟ್ಟೆ ಅಂಗಡಿಯವನಿಗೆ ಇನ್ನೇನು ಬೇಕು?

ಆದ್ದರಿಂದ ಹಾವೇರಿಯಿಂದ ಕಾಗದ ಬಂದಾಗ ನಾನು ಎದೆ ಉಬ್ಬಿಸಿದೆ. ನನ್ನ ಅಕ್ಕನ ಮಗಳು ಗಿರಿಜೆಗೆ ಅಲ್ಲಿಂದ ಒಂದು ಸಂಬಂಧ ಕೂಡಿಬಂದಿತ್ತು. ಅಕ್ಕ ತೀರಿಕೊಂಡ ಮೇಲೆ ಮೂರು ವರ್ಷದ ಮಗುವನ್ನು ತಂದು ಸಾಕಿದವನು ನಾನು. ನನಗೂ ನನ್ನ ಹೆಂಡತಿ ಗಂಗಮ್ಮನಿಗೂ ಅವಳೇ ಮಗಳು, ಅವಳೇ ಯಜಮಾನಿ. ಆಗಲೇ ಎರಡು ವರಗಳನ್ನು ಒಲ್ಲೆನೆಂದು ಕಳಿಸಿದ್ದಳು. ಈ ಹುಡುಗ ಶಾಲೆಯ ಮೇಷ್ಟ್ರು, ಒಳ್ಳೆಯ ಮನೆತನ, ನಮ್ಮದೇ ಶೈವ ಆಚಾರದವರು. ನನಗಂತೂ ಇದನ್ನು ಬಿಡಲು ಇಷ್ಟವಿರಲಿಲ್ಲ. ಕಾಗದದಲ್ಲಿ ಹೀಗಿತ್ತು: ಹುಡುಗಿಯ ಸೋದರಮಾವ ಬರುವ ಸೋಮವಾರದೊಳಗೆ ಬಂದು ಮನೆ ನೋಡಿ ಮಾತು ಮುಗಿಸಬೇಕು, ತಪ್ಪಿದರೆ ನಾವು ಬೇರೆ ಕಡೆ ನೋಡುತ್ತೇವೆ.

ಗಿರಿಜೆ ಕಾಗದವನ್ನು ಓದಿಸಿ ಕೇಳಿದಳು. ಆಮೇಲೆ ಷರತ್ತು ಹಾಕಿದಳು.

"ಆ ಕಡೆಯೋರು ಬರೀ ಜೋಳದ ರೊಟ್ಟಿ ತಿಂತಾರಂತೆ ಮಾವ. ಮುದ್ದೆ ಕಂಡ್ರೆ ನಗ್ತಾರಂತೆ. ಬದುಕಿರೋಗಂಟ ನಾನು ಅಡಿಗೆಮನೇಲಿ ಕದ್ದು ಮುದ್ದೆ ತಿನ್ನೋಕಾಯ್ತದಾ? ಆ ಹುಡುಗ ನಿನ್ನ ಕಣ್ಮುಂದೆ ಒಂದು ಮುದ್ದೆ ಉಣ್ಲಿ. ಉಂಡು ಇನ್ನೊಂದು ಕೇಳ್ಲಿ. ಕೇಳಿದ್ರೆ ನಾನು ಒಪ್ಪಿದೆ ಅಂತ ತಿಳ್ಕೊ."

"ಕೇಳದಿದ್ರೆ?"

"ಅಲ್ಲಿಂದ ಅಂಗೇ ಎದ್ದು ಬಂದ್ಬುಡು."

ಆ ಕಡೆ ರಾಗಿ ಸಿಗುವುದಿಲ್ಲ. ಇಲ್ಲಿಂದಲೇ ಒಯ್ಯಬೇಕು. ಆದರೆ ಅದು ಯುದ್ಧದ ಕಾಲ. ಪರ್ಮಿಟ್ಟು ಇಲ್ಲದೆ ಒಂದು ಹಿಡಿ ದವಸವನ್ನೂ ಮಹಾರಾಜರ ಸೀಮೆಯಿಂದ ಹೊರಗೆ ಸಾಗಿಸುವಂತಿರಲಿಲ್ಲ. ಹಾವೇರಿಯೋ, ತುಂಗಭದ್ರೆಯ ಆಚೆ, ಬ್ರಿಟಿಷರ ಸೀಮೆಯಲ್ಲಿತ್ತು. ರಾತ್ರಿಯಿಡೀ ರೈಲಿನಲ್ಲಿ ಮಲಗಿ, ಬೆಳಿಗ್ಗೆ ಹರಿಹರದಲ್ಲಿ ತನಿಖೆ ಮುಗಿಸಿಕೊಂಡು, ಹೊಳೆ ದಾಟಿ ಪರರಾಜ್ಯ ಪ್ರವೇಶ ಮಾಡಬೇಕು. ತಾಲ್ಲೂಕು ಕಚೇರಿಗೆ ಹೋಗಿ, ಒಂದು ಮುದ್ದೆಗಾಗುವಷ್ಟು ಹಿಟ್ಟಿಗೆ ಪರ್ಮಿಟ್ಟು ಕೊಡಿ ಎಂದು ಕೇಳಿದ್ದರೆ ಬಹುಶಃ ನಕ್ಕು ಕೊಟ್ಟಿರುತ್ತಿದ್ದರು. ನಾನು ಕೇಳಲಿಲ್ಲ. ರೈಲು ಬಲ್ಲವನಿಗೆ ಪರ್ಮಿಟ್ಟೇಕೆ?

"ದಿಂಬಿನ ಹತ್ತಿ ತೆಗೆದು ರಾಗಿ ಹಿಟ್ಟು ತುಂಬು," ಎಂದು ಗಂಗಮ್ಮನಿಗೆ ಅಪ್ಪಣೆ ಮಾಡಿದೆ. "ತಲೆ ಕೆಳಗಿರೋ ದಿಂಬನ್ನ ಯಾರು ಬಿಚ್ಚಿ ನೋಡ್ತಾರೆ?"

"ಎಷ್ಟು ತುಂಬ್ಲಿ?"

"ಐದು ಸೇರು. ಮನೆಮಂದಿಗೆಲ್ಲ ಬಡಿಸಿ ಅಭ್ಯಾಸ ಮಾಡಿಸಿಯೇ ಬರ್ತೀನಿ."

ಅವಳು ಹಳೆಯ ಪಂಚೆಯಿಂದ ಗೌಸು ಹೊಲಿದು ಹಿಟ್ಟು ತುಂಬಿದಳು. ತುಂಬಿ, ಒಮ್ಮೆ ತಟ್ಟಿ ನೋಡಿದಳು. ಹೊಗೆಯಂತೆ ಹಿಟ್ಟು ಎದ್ದಿತು.

"ರೀ, ಇನ್ನೊಂದು ಗೌಸು ಹಾಕ್ತೀನಿ ತಡೀರಿ. ಉದುರ್ತದೆ."

"ಬೇಡ. ದಪ್ಪ ಗೌಸಾದ್ರೆ ಕುತ್ತಿಗೆಗೆ ಗಾಳಿಯಾಡಲ್ಲ," ಎಂದೆ.

ನನ್ನ ಕುತ್ತಿಗೆಗೆ ಗಾಳಿಯಾಡಬೇಕೆಂಬ ಆಸೆ ಅದಕ್ಕೆ ಮುಂಚೆ ಯಾವತ್ತೂ ಇರಲಿಲ್ಲ. ಹೆಂಡತಿ ಹೇಳಿದ್ದನ್ನು ಕೂಡಲೇ ಒಪ್ಪಬಾರದು ಎಂಬ ನಿಯಮವೊಂದಿತ್ತು, ಅಷ್ಟೆ.

ಭಾನುವಾರ ಮಧ್ಯಾಹ್ನ ಇದ್ದಿಲ ಗ್ಯಾಸಿನ ಬಸ್ಸು ಹತ್ತಿದೆ. ಪೆಟ್ರೋಲು ಸಿಗದ ಆ ದಿನಗಳಲ್ಲಿ ಬಸ್ಸಿನ ಬೆನ್ನಿಗೆ ಒಂದು ಒಲೆ ಕಟ್ಟಿರುತ್ತಿದ್ದರು. ಕೊರಟಗೆರೆ ದಾಟಿ ಏರು ಬಂದಾಗ ಅದು ನಿಂತಿತು. ಎಲ್ಲರೂ ಇಳಿದು ತಳ್ಳಿದೆವು. ದಿಂಬನ್ನು ಬಸ್ಸಿನಲ್ಲಿ ಬಿಟ್ಟು ಇಳಿಯಲು ಧೈರ್ಯವಾಗದೆ ಕಂಕುಳಲ್ಲಿ ಇಟ್ಟುಕೊಂಡೇ ತಳ್ಳಿದೆ. ಜೊತೆಗೆ ತಳ್ಳುತ್ತಿದ್ದವರೊಬ್ಬರು, "ಏನ್ ಸ್ವಾಮಿ, ಇಲ್ಲೇ ಮಲೀಕೊಂತೀರಾ?" ಎಂದು ಕೇಳಿದರು. ನಾನು ಗಂಭೀರವಾಗಿದ್ದೆ.

ತುಮಕೂರಿನಲ್ಲಿ ಮೂರನೇ ತರಗತಿಯ ಡಬ್ಬಿಯೊಳಗೆ ನುಗ್ಗಿದೆ. ಬೆಂಚುಗಳ ಮೇಲೆ, ಸಾಮಾನಿಡುವ ಉದ್ದನೆಯ ಹಲಗೆಯೊಂದು ಖಾಲಿಯಿತ್ತು. ಅದನ್ನೇ ಹತ್ತಿ ಮಲಗಲು ನಿಶ್ಚಯಿಸಿ, ದಿಂಬನ್ನು ಮೇಲಕ್ಕೆ ಇಟ್ಟುಕೊಡಿರೆಂದು ಪಕ್ಕದಲ್ಲಿದ್ದ ಗಟ್ಟಿಮುಟ್ಟಾದ ಮನುಷ್ಯನನ್ನು ಕೇಳಿದೆ. ಆತ ಒಂದೇ ಕೈಯಲ್ಲಿ ಎತ್ತಲು ಹೋಗಿ ಬಗ್ಗಿಬಿಟ್ಟ.

"ಇದು ದಿಂಬೋ ಬೀಸೋ ಕಲ್ಲೋ?"

"ವೈದ್ಯರು ಹೇಳಿರೋದು. ಕುತ್ತಿಗೆ ನೋವಿಗೆ ಗಟ್ಟಿ ದಿಂಬು ಒಳ್ಳೇದಂತೆ," ಎಂದೆ. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಹಲಗೆಯ ಕೆಳಗೆ ಕಿಟಕಿಯ ಪಕ್ಕ ಪಾವಗಡದ ಕಡೆಯ ಅಜ್ಜಿಯೊಬ್ಬಳು ಕೂತಿದ್ದಳು. ಹರಿಹರಕ್ಕೆ ಹೊಳೆಯ ಸ್ನಾನಕ್ಕೆ ಹೊರಟಿದ್ದಳು. ಹೊಸದಾಗಿ ಒಗೆದ ಬಿಳಿ ಸೀರೆ ಉಟ್ಟಿದ್ದಳು. ನಾನು ಹಲಗೆ ಏರಿ, ಐದು ಸೇರಿನ ಮೇಲೆ ತಲೆಯಿಟ್ಟು, ಶಿವನನ್ನು ನೆನೆದು ಕಣ್ಣು ಮುಚ್ಚಿದೆ. ರೈಲು ತೊಟ್ಟಿಲಿನಂತೆ ತೂಗಿತು. ಅಷ್ಟು ಒಳ್ಳೆಯ ನಿದ್ದೆ ಮದುವೆಯಾದ ಮೇಲೆ ನಾನು ಮಾಡಿಲ್ಲ. ಅರಸೀಕೆರೆ ಬಂದದ್ದು ಗೊತ್ತಾಗಲಿಲ್ಲ, ದಾವಣಗೆರೆ ಹೋದದ್ದೂ ಗೊತ್ತಾಗಲಿಲ್ಲ. ರೈಲು ಕುಲುಕಿದಾಗಲೆಲ್ಲ ಪಂಚೆಯ ಬಟ್ಟೆ ಜರಡಿಯಾಗಿ ಕೆಲಸ ಮಾಡುತ್ತಿದ್ದದ್ದಂತೂ ಗೊತ್ತೇ ಆಗಲಿಲ್ಲ.

ಎಚ್ಚರವಾದಾಗ ಬೆಳಗಾಗುತ್ತಿತ್ತು. ಕೆಳಗೆ ಅಜ್ಜಿಯ ತೆಲುಗು ಬೆರೆತ ದನಿ ಏರಿತ್ತು.

"ಇದೇಂದ್ರಾ ನಾಯನಾ, ನನ್ನ ತಲೆ ಮ್ಯಾಲೆಲ್ಲಾ ಧೂಳು? ಸೀರೆ ನೋಡು, ಬಾಯಾಗೂ ಬಿದ್ದದೆ."

ಬಗ್ಗಿ ನೋಡಿದೆ. ಅಜ್ಜಿಯ ಬಿಳಿ ಕೂದಲು ರಾಗಿಯ ಬಣ್ಣಕ್ಕೆ ತಿರುಗಿತ್ತು. ಅವಳ ಪಕ್ಕದವರ ರುಮಾಲಿನ ಮೇಲೆ, ಎದುರಿನವರ ಬುತ್ತಿಗಂಟಿನ ಮೇಲೆ, ಎಲ್ಲ ಕಡೆ ಹಿಟ್ಟು. ನನ್ನ ಮುಖದ ಸ್ಥಿತಿ ನನಗೆ ಕಾಣಿಸುತ್ತಿರಲಿಲ್ಲ. ಆದರೆ ನನ್ನನ್ನು ನೋಡಿದವರೆಲ್ಲ ಒಂದು ಕ್ಷಣ ಮಾತು ನಿಲ್ಲಿಸುತ್ತಿದ್ದರು. ಅಷ್ಟರಲ್ಲಿ ರೈಲು ಹರಿಹರದಲ್ಲಿ ನಿಂತಿತು. ದವಸದ ಇನ್ಸ್‌ಪೆಕ್ಟರು ಇಬ್ಬರು ಜವಾನರೊಂದಿಗೆ ನಮ್ಮ ಡಬ್ಬಿಯನ್ನೇ ಮೊದಲು ಹತ್ತಿದರು. ಜೈಲಿಗೆ ಹೋಗುವುದಿರಲಿ, ಸೋಮವಾರ ತಪ್ಪಿದರೆ ಗಿರಿಜೆಯ ಸಂಬಂಧ ಹೋಯಿತು.

ಇನ್ಸ್‌ಪೆಕ್ಟರು ಐವತ್ತು ದಾಟಿದವರು, ಶಾಂತ ಮುಖದವರು. ಅಜ್ಜಿಯ ತಲೆ ನೋಡಿದರು, ಹಲಗೆ ನೋಡಿದರು, ನನ್ನನ್ನು ನೋಡಿದರು.

"ಏನಿದು ಯಜಮಾನರೆ?"

ಉತ್ತರಕ್ಕಾಗಿ ತಡಕಾಡಿದೆ. ಬಾಯಿಗೆ ಬಂದದ್ದು ಒಂದೇ.

"ವಿಭೂತಿ ಸ್ವಾಮಿ."

ಇನ್ಸ್‌ಪೆಕ್ಟರು ಹಲಗೆಯ ಅಂಚನ್ನು ಬೆರಳಿನಿಂದ ಒರೆಸಿ ನೋಡಿದರು.

"ವಿಭೂತಿ ಬೆಳ್ಳಗಿರ್ತದಲ್ಲ. ಇದು ಕೆಂಪಗಿದೆ."

"ನಮ್ಮ ಕಡೆಯ ಸಿದ್ದರ ಬೆಟ್ಟದ್ದು. ಆ ಬೆಟ್ಟದ ಮಣ್ಣೇ ಕೆಂಪು."

ಇದನ್ನು ಹೇಳುವಾಗ ನನಗೆ ನಾಚಿಕೆಯಾಯಿತು. ದಿನವೂ ಹಣೆಗೆ ಮೂರು ಪಟ್ಟೆ ಎಳೆಯದೆ ನೀರನ್ನೂ ಕುಡಿಯದ ಮನೆತನ ನಮ್ಮದು. ಇನ್ಸ್‌ಪೆಕ್ಟರು ಒಂದು ಚಿಟಿಕೆ ತೆಗೆದುಕೊಂಡು ಮೂಸಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ.

"ಹಂಗಾದ್ರೆ ಮೊದಲು ತಾವು ಹಚ್ಕೊಳ್ಳಿ."

ಹಚ್ಚಿಕೊಂಡೆ. ಬೆವರಿದ ಹಣೆಗೆ ರಾಗಿ ಹಿಟ್ಟು ಬಹಳ ಚೆನ್ನಾಗಿ ಹಿಡಿಯಿತು.

"ಐದಾರು ಸೇರು ಇರಬೇಕು. ಇಷ್ಟನ್ನೂ ಒಬ್ಬರೇ ಏನ್ ಮಾಡ್ತೀರಿ? ಸಿದ್ದರ ಬೆಟ್ಟದ ಪ್ರಸಾದ, ನಮ್ಮ ಸೀಮೆಯ ಜನಕ್ಕೇ ಸೇರ್ಬೇಕು. ಹೊಳೆ ದಾಟೋದ್ರೊಳಗೆ ಹಂಚಿಬುಡಿ. ಇಂಜನ್ನಿಗೆ ನೀರು ಹಿಡಿಯೋವರೆಗೆ ಟೈಮಿದೆ."

"ತಮಗೆ ಸ್ವಾಮಿ?"

"ನನ್ನದಿನ್ನೂ ಸ್ನಾನ ಆಗಿಲ್ಲ," ಎಂದರು.

ಹೀಗೆ, ಮಧುಗಿರಿಯ ಬಟ್ಟೆ ವ್ಯಾಪಾರಿಯಾದ ನಾನು ಹರಿಹರದ ಪ್ಲಾಟ್‌ಫಾರಮ್ಮಿನ ಮೇಲೆ ದಿಂಬು ಬಿಚ್ಚಿಕೊಂಡು ಕೂತೆ. ಸುದ್ದಿ ಡಬ್ಬಿಯಿಂದ ಡಬ್ಬಿಗೆ ಹಾರಿತು. ಸಾಲು ಬೆಳೆಯಿತು. ಮಕ್ಕಳ ಹಣೆಗೆ ಹಚ್ಚಿದೆ, ಮುದುಕರ ಹಣೆಗೆ ಹಚ್ಚಿದೆ, ಗಾಡಿಯ ಗಾರ್ಡಿಗೂ ಹಚ್ಚಿದೆ. ಒಬ್ಬರು ಮೊಣಕಾಲು ನೋವೆಂದು ಪಂಚೆ ಮೇಲೆತ್ತಿದರು, ಅಲ್ಲಿಗೂ ಹಚ್ಚಿದೆ. ಊರಿಗೆ ಬೇಕೆಂದು ಕಾಗದದ ಪೊಟ್ಟಣ ಕಟ್ಟಿಸಿಕೊಂಡವರು ಹತ್ತಾರು ಜನ. "ಒಳ್ಳೇದಾಗ್ಲಿ, ಒಳ್ಳೇದಾಗ್ಲಿ" ಎಂದು ನಾನು ಹರಸುತ್ತಿದ್ದೆ. ಪ್ರತಿ ಹಿಡಿಗೂ ಗಿರಿಜೆಯ ಒಂದು ಮುದ್ದೆ ಕರಗುತ್ತಿತ್ತು.

ಪಾವಗಡದ ಅಜ್ಜಿ ಒಂದಿಷ್ಟನ್ನು ಬಾಯಿಗೆ ಹಾಕಿಕೊಂಡಳು. ಯೋಚಿಸಿದಳು.

"ರಾಗಿ ರುಚಿ ಐತಲ್ಲಾ ನಾಯನಾ?"

ಇನ್ಸ್‌ಪೆಕ್ಟರು ಪಕ್ಕದಲ್ಲೇ ಇದ್ದರು. "ಸಿದ್ದರು ಉಣ್ತಿದ್ದದ್ದು ಅದನ್ನೇ ಅಲ್ವೇನಜ್ಜಿ?" ಎಂದರು. ಅಜ್ಜಿ ಕೈ ಮುಗಿದು ಇನ್ನೊಂದು ಹಿಡಿ ತೆಗೆದುಕೊಂಡು ಹೊಳೆಯ ಕಡೆ ಹೋದಳು.

ಗಾಡಿ ಸೀಟಿ ಹಾಕಿತು. ಖಾಲಿ ಗೌಸನ್ನು ಮಡಿಚಿಕೊಂಡು ಹತ್ತಿದೆ. ಇನ್ಸ್‌ಪೆಕ್ಟರು ಕಿಟಕಿಯ ಬಳಿ ಬಂದು ಮೆಲ್ಲಗೆ ಹೇಳಿದರು: "ಯಜಮಾನರೆ, ಮುಂದಿನ ಸಲ ಎರಡು ಗೌಸು ಹಾಕಿಸಿ."

ಹೊಳೆಯ ಸೇತುವೆ ದಾಟುವಾಗ ಎಲ್ಲರೂ ನೀರು ನೋಡುತ್ತಿದ್ದರು. ನಾನು ನೋಡಲಿಲ್ಲ. ಬ್ರಿಟಿಷ್ ಸೀಮೆಯನ್ನು ನಾನು ತಲೆ ತಗ್ಗಿಸಿಕೊಂಡು ಪ್ರವೇಶಿಸಿದೆ.

ಹಾವೇರಿ ಸ್ಟೇಷನ್ನಿಗೆ ಹುಡುಗ ಬಸವರಾಜ ತಾನೇ ಬಂದಿದ್ದ. ಎತ್ತರದ, ನಗುಮುಖದ ಹುಡುಗ. ನನ್ನ ಹಣೆ ನೋಡಿದ, ಏನೂ ಕೇಳಲಿಲ್ಲ. ಮನೆಯಲ್ಲಿ ಅವನ ತಾಯಿ ಕೇಳಿಯೇಬಿಟ್ಟರು.

"ಹಣಿಗೆ ಏನ್ರೀ ಬೀಗ್ರ ಅದು, ಗಾಯ ಆಗೇತೇನು?"

ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ದಿಂಬಿನಿಂದ ಹಿಡಿದು ಮೊಣಕಾಲಿನವರೆಗೆ ಎಲ್ಲವನ್ನೂ ಹೇಳಿದೆ, ಗಿರಿಜೆಯ ಷರತ್ತನ್ನೂ ಹೇಳಿದೆ. ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಬಸವರಾಜ ಎದ್ದು ಹೊರಗೆ ಹೋಗಿ ನಕ್ಕು ಬಂದ. ಬಂದವನು ಕೇಳಿದ:

"ಒಂದ್ ಮುದ್ದಿಗಾಗೂವಷ್ಟೂ ಉಳಿದಿಲ್ಲೇನ್ರಿ?"

ಜಗಲಿಯ ಮೇಲೆ ಒಂದು ಮೊರ ಇಟ್ಟುಕೊಂಡು ಗೌಸನ್ನು ಒದರಿದೆವು. ನನ್ನ ಕೋಟು ಒದರಿದೆವು, ರುಮಾಲು ಒದರಿದೆವು. ಜೇಬುಗಳಿಂದ ಹಿಟ್ಟು, ಮಡಿಕೆಗಳಿಂದ ಹಿಟ್ಟು. ತಾಯಿ ಜರಡಿ ಹಿಡಿದು ಹತ್ತಿಯ ಎಳೆಗಳನ್ನೂ ಒಂದು ಗುಂಡಿಯನ್ನೂ ಬೇರೆ ಮಾಡಿದರು. ಎರಡು ಹಿಡಿ ದಕ್ಕಿತು.

"ಮಾಡೂದು ಹೆಂಗಂತ ನಮಗ ಗೊತ್ತಿಲ್ರೀ," ಎಂದರು ತಾಯಿ.

"ನನಗೆ ಬಿಡಿ. ಇಪ್ಪತ್ತು ವರ್ಷದಿಂದ ನೋಡಿದ್ದೀನಿ," ಎಂದೆ.

ನೋಡಿದ್ದು ನಿಜ. ಆದರೆ ತಟ್ಟೆಯ ಕಡೆಯಿಂದ ನೋಡಿದ್ದೆ, ಒಲೆಯ ಕಡೆಯಿಂದಲ್ಲ. ನೀರು ಮರಳುವುದಕ್ಕೆ ಮುಂಚೆ ಹಿಟ್ಟು ಸುರಿದೆ. ಗಂಟಾಯಿತು. ಗಂಟು ಒಡೆಯಲು ನೀರು ಹಾಕಿದೆ, ಅಂಬಲಿಯಾಯಿತು. ಉರಿ ಜೋರು ಮಾಡಿದೆ, ತಳ ಹೊತ್ತಿತು. ಕೊನೆಗೆ ಎರಡೂ ಕೈಯಿಂದ ಒತ್ತಿ ಉಂಡೆ ಮಾಡಿದಾಗ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ಎರಡು ಪದಾರ್ಥಗಳು ಸಿದ್ಧವಾದವು. ಹೊರಗೆ ಅಂಟು, ಒಳಗೆ ಹಸಿ ಹಿಟ್ಟು.

"ಅಗೀಬಾರದು, ನುಂಗಬೇಕು," ಎಂದು ಹುಡುಗನಿಗೆ ತಿಳಿಸಿದೆ.

ಬಸವರಾಜ ಮುರಿದು ಸಾರಿನಲ್ಲಿ ಅದ್ದಿ ನುಂಗಿದ. ಅದು ಅರ್ಧ ದಾರಿಯಲ್ಲಿ ನಿಂತಿತು. ಕಣ್ಣಲ್ಲಿ ನೀರು ಬಂತು. ಒಂದು ಚೊಂಬು ನೀರು ಕುಡಿದ. ತಾಯಿ ಬೆನ್ನು ನೀವಿದರು. ಆಯಿತು, ಸಂಬಂಧ ಮುರಿಯಿತು, ಹುಡುಗನೊಬ್ಬ ಬದುಕಿಕೊಂಡರೆ ಸಾಕು ಎಂದು ನಾನು ಎದ್ದು ನಿಂತೆ. ಅವನು ತಟ್ಟೆಯನ್ನು ಮುಂದಕ್ಕೆ ಸರಿಸಿದ.

"ಇನ್ನೊಂದ್ ಐತಲ್ರೀ, ನೀಡ್ರಿ."

"ಬೇಡಪ್ಪ," ಎಂದೆ. ಮನಸಾರೆ ಹೇಳಿದೆ.

"ಇರ್ಲಿ ನೀಡ್ರಿ. ಆಕಿ ದಿನಾ ಇದನ್ನ ಉಣ್ತಾಳಂದ್ರ, ನಾನೂ ಕಲೀಬೇಕಲ್ರೀ."

ಬಡಿಸಿದೆ. ಅದನ್ನೂ ಪೂರ್ತಿ ಉಂಡ. ಇಂಥವನ ಮನೆಗೆ ನನ್ನ ಹುಡುಗಿ ಬಂದರೆ ನಾನು ನೆಮ್ಮದಿಯಾಗಿರಬಹುದು ಅನ್ನಿಸಿತು.

ಊರಿಗೆ ಬಂದು ಗಿರಿಜೆಗೂ ಗಂಗಮ್ಮನಿಗೂ ನಡೆದದ್ದನ್ನೆಲ್ಲ ಹೇಳಿದೆ. ಗಿರಿಜೆ ಹರಿಹರದ ವೃತ್ತಾಂತಕ್ಕೆ ನಕ್ಕಳು. ಹಾವೇರಿಗೆ ಬಂದಾಗ ನಗು ನಿಲ್ಲಿಸಿದಳು.

"ಮುದ್ದೆ ಮಾಡಿದ್ದು ಯಾರು?"

"ನಾನೇ."

ಅವಳು ಅತ್ತೆಯ ಮುಖ ನೋಡಿದಳು. ಗಂಗಮ್ಮ ಗೋಡೆಗೆ ಒರಗಿ ಕೂತಳು.

"ನೀನು ಮಾಡಿದ್ದನ್ನ ಪೂರ್ತಿ ಉಂಡ್ರಾ ಮಾವ?"

"ಉಂಡ್ರು."

"ಉಂಡು, ಇನ್ನೊಂದು ಕೇಳಿದ್ರಾ?"

"ಕೇಳಿದ್ರು. ಅದನ್ನೂ ಉಂಡ್ರು."

ಗಿರಿಜೆ ಬಹಳ ಮೆತ್ತಗೆ ಹೇಳಿದಳು: "ಲಗ್ನ ಬೇಗ ಇಡಿಸು ಮಾವ. ಅಷ್ಟು ಒಳ್ಳೆಯೋರನ್ನ ಕಾಯಿಸಬಾರದು."

ಈ ಸಂಬಂಧವನ್ನು ಕುದುರಿಸಿದವನು ನಾನೇ ಎಂದು ಇಂದಿಗೂ ಹೇಳಿಕೊಳ್ಳುತ್ತೇನೆ. ಅಳಿಯನೂ ಅದನ್ನು ಒಪ್ಪುತ್ತಾನೆ. ಒಪ್ಪುವಾಗ ಒಂದು ಚೊಂಬು ನೀರು ಕೇಳುತ್ತಾನೆ.